ಸ್ಟ್ರಿಪ್ ತಿರುಗಿಸಿ ಓದಿ: ಬಿ.ಪಿ. ಕಾಂಬಿನೇಷನ್ ಮಾತ್ರೆ ಮತ್ತು ನನ್ನ ಅನುಭವ

ಸಕಲೇಶಪುರದಲ್ಲಿ ಮೆಡಿಕಲ್ ಶಾಪ್ ನಡೆಸುತ್ತೇನೆ. ಊರಾಚೆ ಸ್ವಲ್ಪ ಕಾಫಿ ತೋಟ, ನೆರಳಿನ ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸಿದ ಮೆಣಸು. ಊರಿನವರಿಗೆಲ್ಲ ಬಿ.ಪಿ. ಮಾತ್ರೆ ಕೊಡುತ್ತಿದ್ದವನು ಕೆಲವು ವರ್ಷಗಳಿಂದ ನಾನೂ ನುಂಗುತ್ತಿದ್ದೇನೆ. ಮೊದಲು ಒಂದೇ ಔಷಧ ಇತ್ತು, ಆಮೇಲೆ ಎರಡು ಸೇರಿದ್ದು ಬಂತು, ಅದಾದ ಮೇಲೆ ಮೂರು ಸೇರಿದ ಒಂದು ಮಾತ್ರೆ. ಯಾವ ಔಷಧ, ಎಷ್ಟು ಡೋಸ್ ಎಂಬುದು ಡಾಕ್ಟರ ಕೆಲಸ. ಅವರು ಬರೆದುಕೊಟ್ಟ ಮೇಲೆ ಮನೆಯಲ್ಲಿ ನಾವು ನೋಡಿಕೊಳ್ಳಬೇಕಾದ್ದು ಸಾಕಷ್ಟಿದೆ, ನಾನು ಬರೆಯುತ್ತಿರುವುದು ಅದನ್ನು.

ಕೌಂಟರಿಗೆ ಬಂದವರು ಸಾಮಾನ್ಯವಾಗಿ ಕೇಳುವುದು, "ಒಂದರಲ್ಲೇ ಡೋಸ್ ಜಾಸ್ತಿ ಮಾಡಬಹುದಿತ್ತಲ್ಲ, ಎರಡೆರಡು ಯಾಕೆ?" ಅಂತ. ಇದಕ್ಕೆ ಉತ್ತರ ನನ್ನ ಕಾಲಲ್ಲೇ ಸಿಕ್ಕಿತ್ತು. ಆಮ್ಲೋಡಿಪಿನ್ 5 ಮಿ.ಗ್ರಾಂ ಸಾಲದೆ 10ಕ್ಕೆ ಏರಿಸಿದಾಗ ಸಂಜೆ ಹೊತ್ತಿಗೆ ಪಾದ ಊದಿಕೊಳ್ಳತೊಡಗಿತು. ಕಿಡ್ನಿ ಹೋಯಿತು ಅಂತ ಮನೆಯಲ್ಲಿ ಗಾಬರಿ. ಆಮ್ಲೋಡಿಪಿನ್ ಸಣ್ಣ ಅಪಧಮನಿಗಳನ್ನು ಹಿಗ್ಗಿಸುತ್ತದೆ, ಅಲ್ಲಿಂದ ನೀರಿನಂಶ ಹೊರಗೆ ಜಿನುಗಿ ಕಾಲಿನಲ್ಲಿ ನಿಲ್ಲುತ್ತದೆ. ಡೋಸ್ ಹೆಚ್ಚಾದಷ್ಟೂ ಊತ ಹೆಚ್ಚು. ಡಾಕ್ಟರು ಅದನ್ನು ಮತ್ತೆ 5ಕ್ಕೆ ಇಳಿಸಿ, ಟೆಲ್ಮಿಸಾರ್ಟನ್ 40 ಸೇರಿಸಿದರು. ಬಿ.ಪಿ.ಯೂ ಇಳಿಯಿತು, ಊತವೂ ಇಳಿಯಿತು. ಟೆಲ್ಮಿಸಾರ್ಟನ್ ಅಭಿಧಮನಿಗಳ ಕಡೆಯನ್ನೂ ಸಡಿಲಿಸುವುದರಿಂದ ನಿಂತ ನೀರಿಗೆ ವಾಪಸು ದಾರಿ ಸಿಗುತ್ತದೆ. ಬೇರೆ ಬೇರೆ ದಾರಿಯಲ್ಲಿ ಕೆಲಸ ಮಾಡುವ ಎರಡು ಔಷಧಗಳನ್ನು ಸಣ್ಣ ಡೋಸಿನಲ್ಲಿ ಕೊಟ್ಟರೆ, ಒಂದನ್ನೇ ದುಪ್ಪಟ್ಟು ಮಾಡುವುದಕ್ಕಿಂತ ಬಿ.ಪಿ. ಚೆನ್ನಾಗಿ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ, ಸಾಧ್ಯವಾದರೆ ಒಂದೇ ಮಾತ್ರೆಯ ರೂಪದಲ್ಲಿ, ಆರಂಭದಲ್ಲೇ ಕಾಂಬಿನೇಷನ್ ಕೊಡಬಹುದು ಎನ್ನುತ್ತದೆ. ಹಾಗಾಗಿ "ನಂಗೆ ಎರಡು ಸೇರಿದ್ದು ಕೊಟ್ಟಿದ್ದಾರೆ, ಕಾಯಿಲೆ ಬಲಿತಿದೆ" ಎಂದು ಮಂಕಾಗುವವರಿಗೆ ನಾನು ನನ್ನ ಕಾಲು ತೋರಿಸುತ್ತೇನೆ.

ಮೂರನೆಯದು ಕ್ಲೋರ್ಥಾಲಿಡೋನ್ 12.5. ಉಪ್ಪು, ನೀರನ್ನು ಮೂತ್ರದಲ್ಲಿ ಹೊರಹಾಕುವ ಔಷಧ. ಅದು ರಕ್ತದ ಪೊಟ್ಯಾಸಿಯಂ ಇಳಿಸುತ್ತದೆ, ಟೆಲ್ಮಿಸಾರ್ಟನ್ ಏರಿಸುತ್ತದೆ. ಜೋಡಿ ಮಾಡುವುದರಲ್ಲಿ ಈ ಲೆಕ್ಕಾಚಾರವೂ ಇದೆ.

ಈಗ ನಿಜವಾದ ತೊಡಕಿಗೆ ಬರುತ್ತೇನೆ. ಸ್ಟ್ರಿಪ್ಪಿನ ಮುಂದೆ ದಪ್ಪಕ್ಷರದಲ್ಲಿ ಇರುವುದು ಕಂಪನಿ ಇಟ್ಟ ಹೆಸರು, ಅದರ ಬಾಲಕ್ಕೆ ಒಂದೆರಡು ಅಕ್ಷರ. ಎ.ಎಂ. ಅಂತಿದ್ದರೆ ಸಾಮಾನ್ಯವಾಗಿ ಆಮ್ಲೋಡಿಪಿನ್ ಸೇರಿದೆ. ಎಚ್ ಅಂತಿದ್ದರೆ ಹೈಡ್ರೋಕ್ಲೋರೋಥಯಾಜೈಡ್, ಅದೂ ಮೂತ್ರ ಹೆಚ್ಚಿಸುವ ಔಷಧವೇ. ಸಿ.ಟಿ. ಅಂತಿದ್ದರೆ ಕ್ಲೋರ್ಥಾಲಿಡೋನ್. ಆದರೆ ಇದು ಕಾನೂನಲ್ಲ, ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ನಂಬಬೇಕಾದ್ದು ಹಿಂಬದಿಯ ಸಣ್ಣಕ್ಷರವನ್ನು. ಹಾನುಬಾಳು ಕಡೆಯ ಒಬ್ಬ ಅಜ್ಜಿಗೆ ಬೆಂಗಳೂರಿನ ಮಗ ಹೊಸ ಡಾಕ್ಟರಿಗೆ ತೋರಿಸಿ ಕಾಂಬಿನೇಷನ್ ಕೊಡಿಸಿ ಕಳಿಸಿದ್ದ. ಇಲ್ಲಿ ಮೊದಲಿನಿಂದ ತಿನ್ನುತ್ತಿದ್ದ ಆಮ್ಲೋಡಿಪಿನ್ ಕೂಡ ನಡೆಯುತ್ತಲೇ ಇತ್ತು. ಎರಡಕ್ಕೂ ಹೆಸರು ಬೇರೆ, ಬಣ್ಣ ಬೇರೆ, ಹಾಗಾಗಿ ಅಜ್ಜಿಯ ಮಟ್ಟಿಗೆ ಅವು ಬೇರೆ ಬೇರೆ ಔಷಧ. ತಲೆ ತಿರುಗುತ್ತದೆ ಅಂತ ನನ್ನ ಅಂಗಡಿಗೆ ಬಂದದ್ದು ಟಾನಿಕ್ ಕೇಳಿಕೊಂಡು! ಎರಡೂ ಸ್ಟ್ರಿಪ್ ತರಿಸಿ, ತಿರುಗಿಸಿ ಓದಿದಾಗ ವಿಷಯ ಹೊರಬಿತ್ತು, ಆಮ್ಲೋಡಿಪಿನ್ ಎರಡರಲ್ಲೂ ಇತ್ತು.

ನಾನು ಮಾಡಿಕೊಂಡ ವ್ಯವಸ್ಥೆ ಸುಲಭದ್ದು. ಪರ್ಸಿನಲ್ಲಿ ಒಂದು ಚೀಟಿ, ಅದರಲ್ಲಿ ಬ್ರ್ಯಾಂಡ್ ಹೆಸರಿಲ್ಲ. ಟೆಲ್ಮಿಸಾರ್ಟನ್ 40, ಆಮ್ಲೋಡಿಪಿನ್ 5, ಕ್ಲೋರ್ಥಾಲಿಡೋನ್ 12.5, ಬೆಳಿಗ್ಗೆ ಒಂದು. ಅದರದೇ ಫೋಟೋ ಫೋನಿನಲ್ಲಿ. ಕಣ್ಣಿನ ಡಾಕ್ಟರಾಗಲಿ, ಹಲ್ಲಿನ ಡಾಕ್ಟರಾಗಲಿ, ಚೀಟಿ ಮುಂದಿಡುವುದು. ಔಷಧ ಬದಲಾದ ದಿನವೇ ಹಳೇ ಸ್ಟ್ರಿಪ್ಪುಗಳು ಮನೆಯ ಡಬ್ಬದಿಂದ ಹೊರಗೆ. "ದುಡ್ಡು ಕೊಟ್ಟು ತಂದದ್ದು, ಮುಗಿಸಿಬಿಡೋಣ" ಎಂಬ ಮಲೆನಾಡಿನ ಮಿತವ್ಯಯ ಇಲ್ಲಿ ಬೇಡ. ಜನೌಷಧಿ ಕೇಂದ್ರದಲ್ಲಿ ತೆಗೆದುಕೊಳ್ಳುವವರಿಗೂ ಈ ಚೀಟಿಯೇ ಸಾಕು, ಅಲ್ಲಿ ಕೊಡುವುದು ಔಷಧದ ಹೆಸರಿನ ಮೇಲೆಯೇ. (ಹೀಗೆ ಹೇಳಿ ನನ್ನ ವ್ಯಾಪಾರಕ್ಕೆ ನಾನೇ ಕೊಡಲಿ ಹಾಕಿಕೊಳ್ಳುತ್ತಿದ್ದೇನೆ ಎಂದು ಹೆಂಡತಿ ಅನ್ನುವುದುಂಟು.)

ಇನ್ನೊಂದು ಬಗೆಯ ಡಬಲ್ ಇದೆ. ರಾಮಿಪ್ರಿಲ್, ಎನಲಾಪ್ರಿಲ್ ಒಂದು ಗುಂಪು. ಟೆಲ್ಮಿಸಾರ್ಟನ್, ಲೊಸಾರ್ಟನ್ ಇನ್ನೊಂದು. ಹೆಸರು ಬೇರೆ, ಹಿಡಿಯುವ ದಾರಿ ಹೆಚ್ಚುಕಡಿಮೆ ಒಂದೇ. ರಾಮಿಪ್ರಿಲ್ ಮತ್ತು ಟೆಲ್ಮಿಸಾರ್ಟನ್ ಎರಡನ್ನೂ ಒಟ್ಟಿಗೆ ಕೊಟ್ಟು ನೋಡಿದ ದೊಡ್ಡ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಹೆಚ್ಚಿನ ಲಾಭ ಸಿಗಲಿಲ್ಲ, ಬಿ.ಪಿ. ತೀರಾ ಇಳಿಯುವುದು, ಕಿಡ್ನಿ ತೊಂದರೆ ಮಾತ್ರ ಹೆಚ್ಚಾಯಿತು. ಇಬ್ಬರು ಡಾಕ್ಟರ ಚೀಟಿ ಒಂದೇ ಮನೆಯಲ್ಲಿ ಸೇರಿದಾಗ ಈ ಜೋಡಿ ಕಣ್ಣಿಗೆ ಬೀಳುತ್ತದೆ. ನಾನು ಆಗ ಔಷಧ ಕೊಡುವ ಮೊದಲು ಡಾಕ್ಟರಿಗೆ ಫೋನ್ ಮಾಡುತ್ತೇನೆ.

ನಮ್ಮ ಮಳೆಗಾಲದ ವಿಚಾರ ಬಯಲುಸೀಮೆಯವರಿಗೆ ಅಷ್ಟು ಲೆಕ್ಕಕ್ಕೆ ಬಾರದು. ಟೆಲ್ಮಿಸಾರ್ಟನ್ ತೇವ ಹೀರುವ ಮಾತ್ರೆ. ನುಂಗುವ ಹೊತ್ತಿಗೇ ಸ್ಟ್ರಿಪ್ಪಿನಿಂದ ತೆಗೆಯಬೇಕು ಅಂತ ಅದರ ಮಾಹಿತಿ ಪತ್ರದಲ್ಲೇ ಇರುತ್ತದೆ. ಜುಲೈನಲ್ಲಿ ಗೋಡೆಗೆ ಬೂಷ್ಟು ಹತ್ತುವ, ಉಪ್ಪಿನ ಭರಣಿಯಲ್ಲಿ ನೀರೂರುವ ಮನೆಗಳು ನಮ್ಮವು. ವಾರದ ಏಳು ಖಾನೆಯ ಡಬ್ಬಿಗೆ ಮಾತ್ರೆ ಬಿಡಿಸಿ ಹಾಕಿಟ್ಟರೆ ಮೆತ್ತಗಾಗುತ್ತದೆ. ಆ ಡಬ್ಬಿ ಬಿಡಲು ನನಗೂ ಮನಸ್ಸಿಲ್ಲ, ಇವತ್ತು ನುಂಗಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಅದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಅದಕ್ಕೆ ಕತ್ತರಿಯಲ್ಲಿ ಒಂದೊಂದು ಮಾತ್ರೆಯನ್ನೂ ಅದರ ಫಾಯಿಲ್ ಸಮೇತ ಕತ್ತರಿಸಿ ಖಾನೆಗೆ ಹಾಕುತ್ತೇನೆ, ಗುಳ್ಳೆ ಒಡೆಯದ ಹಾಗೆ ಅಂಚು ಬಿಟ್ಟು. ಹೆಸರು ಮತ್ತು ಮುಗಿಯುವ ತಾರೀಖು ಇರುವ ತುದಿ ಕೊನೆಗೆ ಉಳಿಯಬೇಕು. ಎರಡು ಬಣ್ಣದ ಪದರದ ಮಾತ್ರೆಗಳನ್ನು ಅರ್ಧ ಮಾಡಿ ನುಂಗುವವರೂ ಇದ್ದಾರೆ, ಒಂದು ಔಷಧ ಮಾತ್ರ ಕಡಿಮೆಯಾಗಲಿ ಅಂತ. ಮುರಿದರೆ ಎಲ್ಲವೂ ಕಡಿಮೆಯಾಗುತ್ತದೆ, ಅದೂ ಸಮನಾಗಿ ಅಲ್ಲ.

ಬೆಳಿಗ್ಗೆಯೋ ರಾತ್ರಿಯೋ? ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2022ರಲ್ಲಿ ಹೊರಬಂದ ಅಧ್ಯಯನದ ಪ್ರಕಾರ ಹೃದಯಾಘಾತ, ಪಾರ್ಶ್ವವಾಯು ತಡೆಯುವುದರಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ಮರೆಯದ ಹೊತ್ತು ಯಾವುದೋ ಅದೇ ಒಳ್ಳೆಯ ಹೊತ್ತು. ನನ್ನದರಲ್ಲಿ ಮೂತ್ರ ಹೆಚ್ಚಿಸುವ ಔಷಧ ಇದ್ದುದರಿಂದ ಬೆಳಿಗ್ಗೆ. ರಾತ್ರಿ ಜಡಿಮಳೆಯಲ್ಲಿ ಎದ್ದೆದ್ದು ಬಚ್ಚಲಿಗೆ ಓಡುವ ಕಷ್ಟ ತಪ್ಪಿತು. ಮರೆತರೆ ಅದೇ ದಿನ ನೆನಪಾದಾಗ ನುಂಗುತ್ತೇನೆ. ಮರುದಿನ ನೆನಪಾದರೆ ಬಿಟ್ಟದ್ದು ಬಿಟ್ಟೆ, ಎರಡು ಸೇರಿಸಿ ನುಂಗುವುದಿಲ್ಲ. ಈ ಮೂರೂ ನಿಧಾನವಾಗಿ ಮೈಬಿಡುವ ಔಷಧಗಳು, ಒಂದು ದಿನ ತಪ್ಪಿದರೆ ಆಕಾಶ ಬೀಳುವುದಿಲ್ಲ. ಆದರೆ ಅಟೆನೊಲಾಲ್, ಮೆಟೊಪ್ರೊಲಾಲ್, ಕ್ಲೊನಿಡಿನ್ ಇರುವವರು ಈ ಮಾತು ಹಿಡಿದುಕೊಳ್ಳಬೇಡಿ. ಅವನ್ನು ಥಟ್ಟನೆ ನಿಲ್ಲಿಸಿದರೆ ಬಿ.ಪಿ. ತಿರುಗಿ ಒದೆಯುತ್ತದೆ.

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಟಿ.ವಿ. ತುಂಬ ಓಡಿದ್ದು ನೆನಪಿರಬಹುದು. ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದ್ದರು, ಸರ್ಕಾರ ತಜ್ಞರ ಸಮಿತಿಯನ್ನೂ ನೇಮಿಸಿತು. ಆ ದಿನಗಳಲ್ಲಿ ನನ್ನ ಅಂಗಡಿಯ ಬಿ.ಪಿ. ಮಷೀನಿಗೆ ಬಿಡುವಿರಲಿಲ್ಲ. ಗಾಬರಿಯಲ್ಲಿ ಏದುಸಿರು ಬಿಡುತ್ತ ಬಂದು, ನಿಂತೇ ಕೈ ಚಾಚಿ, 170 ಕಂಡು, "ನಾಲಿಗೆ ಕೆಳಗಿಡುವ ಮಾತ್ರೆ ಕೊಡಿ" ಎನ್ನುವವರು. ನಿಫೆಡಿಪಿನ್ ಕ್ಯಾಪ್ಸೂಲ್ ಚುಚ್ಚಿ ನಾಲಿಗೆ ಕೆಳಗೆ ಹಿಂಡುವ ಹಳೇ ರೂಢಿ ಇನ್ನೂ ಕೆಲವರ ತಲೆಯಲ್ಲಿದೆ. ಬಿ.ಪಿ. ಹಾಗೆ ಧಡಕ್ಕನೆ ಬಿದ್ದರೆ ಮಿದುಳಿಗೆ, ಹೃದಯಕ್ಕೆ ರಕ್ತ ಸಾಲದೆ ಅನಾಹುತವಾಗುತ್ತದೆ. ನಾನು ಅವರಿಗೆ ಕುರ್ಚಿ ಕೊಡುತ್ತಿದ್ದೆ. ಐದು ನಿಮಿಷ ಮಾತಿಲ್ಲದೆ, ಬೆನ್ನು ಆನಿಸಿ, ಪಾದ ನೆಲಕ್ಕೂರಿ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಪಟ್ಟಿಯನ್ನು ಬರಿ ತೋಳಿಗೆ ಸುತ್ತಿ ಮತ್ತೆ ನೋಡಿದರೆ ಎಷ್ಟೋ ಜನರದು ಇಳಿದಿರುತ್ತಿತ್ತು. 180/120 ದಾಟಿ ಜೊತೆಗೆ ಎದೆನೋವು, ಉಸಿರಾಟದ ಕಷ್ಟ, ಮಾತು ತೊದಲುವುದು, ಒಂದು ಕಡೆ ಬಲ ಕುಂದುವುದು ಇದ್ದರೆ ಮಾತ್ರೆ ಹುಡುಕುತ್ತ ಕೂರಬಾರದು, 108ಕ್ಕೆ ಕರೆ ಮಾಡಬೇಕು.

ಮನೆಯಲ್ಲಿ ನಾನು ಬಿ.ಪಿ. ನೋಡಿಕೊಳ್ಳುವುದೂ ಹೀಗೆ ಕೂತೇ, ಬೆಳಿಗ್ಗೆ ಮಾತ್ರೆಗೆ ಮೊದಲು ಮತ್ತು ಸಂಜೆ, ಒಂದು ನಿಮಿಷದ ಅಂತರದಲ್ಲಿ ಎರಡೆರಡು ಸಲ. ಡಾಕ್ಟರ ಹತ್ತಿರ ಹೋಗುವ ಹಿಂದಿನ ವಾರ ಮಾತ್ರ, ದಿನಾ ಅಲ್ಲ. ಮನೆಯ ಸರಾಸರಿ 135/85ರ ಕೆಳಗಿರಬೇಕು. ಅರ್ಧ ಗಂಟೆ ಮುಂಚೆ ಕಾಫಿ ಕುಡಿದಿರಬಾರದು. ಸಕಲೇಶಪುರದಲ್ಲಿ ಕಾಫಿಯನ್ನೇ ಬಿಡಿ ಅಂದರೆ ಅಂಗಡಿಗೆ ಕಲ್ಲು ಬಿದ್ದೀತು, ಅಷ್ಟು ನಾನು ಹೇಳುತ್ತಿಲ್ಲ.

ಕಾಂಬಿನೇಷನ್ ಮಾತ್ರೆಗೆ ನಮ್ಮ ಕಡೆ ದೊಡ್ಡ ಶತ್ರು ನೋವಿನ ಮಾತ್ರೆ. ಗದ್ದೆ, ತೋಟದಲ್ಲಿ ಬಗ್ಗಿದವರಿಗೆ ಸೊಂಟನೋವು, ಮಂಡಿನೋವು ತಪ್ಪಿದ್ದಲ್ಲ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೇನ್ ಇವು ಬಿ.ಪಿ.ಯನ್ನೂ ಏರಿಸುತ್ತವೆ, ಟೆಲ್ಮಿಸಾರ್ಟನ್ ಮತ್ತು ಮೂತ್ರದ ಔಷಧದ ಜೊತೆ ಸೇರಿದರೆ ಕಿಡ್ನಿಯನ್ನೂ ಹಿಂಡುತ್ತವೆ. ನೋವಿನ ಮಾತ್ರೆ, ಟೆಲ್ಮಿಸಾರ್ಟನ್, ಮೂತ್ರದ ಔಷಧ ಮೂರೂ ಕೂಡಿದಾಗ ಕಿಡ್ನಿಗೆ ರಕ್ತದ ಒತ್ತಡ ಹೊಂದಿಸಿಕೊಳ್ಳುವ ದಾರಿಯೇ ಮುಚ್ಚಿಹೋಗುತ್ತದೆ. ನಾನು ಪ್ಯಾರಾಸಿಟಮಾಲ್‌ಗೆ ಇಳಿದೆ, ಜೊತೆಗೆ ಬಿಸಿನೀರಿನ ಶಾಖ.

ವಾಂತಿ, ಭೇದಿ, ಊಟ ಸೇರದ ಜ್ವರ ಬಂದಾಗಲೂ ಇದೇ ಕಥೆ. ಮೈಯಲ್ಲಿ ನೀರೇ ಇಲ್ಲದಿರುವಾಗ ನೀರು ಹೊರಹಾಕುವ ಮಾತ್ರೆ ನುಂಗಿದರೆ ಹೇಗೆ? ಹಾಗಾದರೆ ಏನು ಮಾಡಬೇಕೆಂದು ನಾನು ಕಾಯಿಲೆ ಬರುವ ಮೊದಲೇ ಡಾಕ್ಟರ ಹತ್ತಿರ ಕೇಳಿಟ್ಟುಕೊಂಡಿದ್ದೇನೆ. ಅವರು ಹೇಳಿದ್ದು: ಫೋನ್ ಮಾಡಿ, ಮಾತ್ರೆ ತಡೆಹಿಡಿಯೋಣ, ಊಟ ನೀರು ಸರಿಯಾದ ಮೇಲೆ ಮತ್ತೆ ಶುರು. ಮೂರೂ ಒಂದೇ ಮಾತ್ರೆಯಲ್ಲಿ ಇರುವುದರಿಂದ ಒಂದನ್ನು ಮಾತ್ರ ಬಿಡಲಾಗುವುದಿಲ್ಲ ಎಂಬುದು ಇಂಥಲ್ಲಿ ಕಾಂಬಿನೇಷನ್ನಿನ ಅನನುಕೂಲ.

ಊಟದಲ್ಲಿ ನಾನು ಕಡಿಮೆ ಮಾಡಿದ್ದು ಮಿಡಿ ಉಪ್ಪಿನಕಾಯಿ ಮತ್ತು ಶಿರಾಡಿ ಘಾಟಿ ಹತ್ತಿ ಬರುವ ಒಣಮೀನು. ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಉಪ್ಪಿನೊಳಗಿರಬೇಕು ಎನ್ನುತ್ತಾರೆ, ಒಂದು ಟೀ ಚಮಚ. ಸೋಡಿಯಂ ಕಡಿಮೆ ಮಾಡಿದ ಉಪ್ಪು ಅಂತ ಬರುವ ಪ್ಯಾಕೆಟ್ಟಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಟೆಲ್ಮಿಸಾರ್ಟನ್ ತಗೊಳ್ಳುವವರು, ಅದರಲ್ಲೂ ಸಕ್ಕರೆ ಕಾಯಿಲೆ ಅಥವಾ ಕಿಡ್ನಿ ತೊಂದರೆ ಇರುವವರು, ಕೇಳದೆ ಅದನ್ನು ಹಾಕಿಕೊಳ್ಳಬಾರದು. ಎಳನೀರಿನಲ್ಲೂ ಪೊಟ್ಯಾಸಿಯಂ ಧಾರಾಳ. ಅರಸೀಕೆರೆ, ಚನ್ನರಾಯಪಟ್ಟಣದ ನೆಂಟರ ಮನೆಗೆ ಹೋದಾಗ ಒಂದು ಕುಡಿಯುತ್ತೇನೆ, ನನ್ನ ಕಿಡ್ನಿ ಸರಿಯಿದೆ. ಕಿಡ್ನಿ ಸೋತವರಿಗೆ ಆ ಸಲುಗೆ ಇಲ್ಲ.

ಗರ್ಭಿಣಿಯರು, ಮಗು ಬಯಸುವವರು ಟೆಲ್ಮಿಸಾರ್ಟನ್ ಗುಂಪಿನ ಔಷಧ ಮುಟ್ಟಬಾರದು, ಹೊಟ್ಟೆಯ ಮಗುವಿಗೆ ಹಾನಿ. ಅಪ್ಪನ ಸ್ಟ್ರಿಪ್ಪಿನಿಂದ ಒಂದು ಎಂಬ ಮಾತೇ ಬೇಡ.

ಹೊಸ ಮಾತ್ರೆ ಶುರುವಾದ ಮೇಲೆ, ಡೋಸ್ ಬದಲಾದ ಮೇಲೆ, ಕೆಲವು ವಾರಗಳಲ್ಲಿ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ ರಕ್ತಪರೀಕ್ಷೆ ಮಾಡಿಸುತ್ತೇನೆ, ಆಮೇಲೆ ಡಾಕ್ಟರು ಹೇಳಿದಷ್ಟಕ್ಕೆ. ವಯಸ್ಸಾದ ಹೆಂಗಸರಲ್ಲಿ ಮೂತ್ರದ ಔಷಧದಿಂದ ಸೋಡಿಯಂ ಇಳಿದು ಮಂಕು, ಸುಸ್ತು, ತಡವರಿಕೆ ಬರುವುದುಂಟು. ಮನೆಯವರು ವಯಸ್ಸಾಯಿತು ಅಂದುಕೊಂಡು ಬಿಡುತ್ತಾರೆ.

ಈ ಸಲದ ಬೇಸಿಗೆಯಲ್ಲಿ ಮೆಣಸಿನ ಕೊಯ್ಲಿನ ಹೊತ್ತಿಗೆ, ಕೂತು ಎದ್ದಾಗ ಕಣ್ಣು ಕತ್ತಲೆ ಬಂದಂತಾಗುತ್ತಿತ್ತು. ಸೆಖೆಗೆ ಬೆವರು ಹೋಗಿ ಬಿ.ಪಿ. ತಾನೇ ಇಳಿಯುವ ಕಾಲ ಅದು. ಏಣಿ ಹತ್ತುವುದನ್ನು ನಿಲ್ಲಿಸಿದೆ, ಸಿಲ್ವರ್ ಓಕ್ ಮೇಲಿಂದ ಬಿದ್ದರೆ ಬಿ.ಪಿ.ಯ ಚಿಂತೆಯೇ ಇರುವುದಿಲ್ಲ. ಒಂದು ವಾರ ಕೂತಾಗ, ನಿಂತಾಗ ಎರಡನ್ನೂ ನೋಡಿ ಬರೆದಿಟ್ಟೆ. ನಿಂತಾಗ ಮೇಲಿನದು 100ರ ಆಸುಪಾಸು. ಪುಸ್ತಕ ನೋಡಿದ ಡಾಕ್ಟರು ಕ್ಲೋರ್ಥಾಲಿಡೋನ್ ಇಲ್ಲದ, ಹಿಂದಿನ ಎರಡರ ಮಾತ್ರೆಗೆ ಇಳಿಸಿದ್ದಾರೆ. ಮಳೆ ಹಿಡಿದು ಚಳಿ ಶುರುವಾದ ಮೇಲೆ ಮತ್ತೆ ಒಂದು ವಾರದ ಲೆಕ್ಕ ತರಲು ಹೇಳಿದ್ದಾರೆ. ಪರ್ಸಿನ ಚೀಟಿಯಲ್ಲಿ ಮೂರನೆಯ ಹೆಸರು ಹೊಡೆದು, ಪಕ್ಕದಲ್ಲಿ ತಾರೀಖು ಹಾಕಿದ್ದೇನೆ.