ಹಳೇ ಪಂಚೆಯಿಂದ ಮಗುವಿನ ವೈಪ್ಸ್

ಎಳೆ ಮಗು ಇರುವ ಮನೆಯ ತಿಂಗಳ ಸಾಮಾನಿನ ಚೀಟಿಯಲ್ಲಿ ಡೈಪರ್ ಜೊತೆಗೇ ಬೇಬಿ ವೈಪ್ಸ್ ಕೂಡ ಇದ್ದೇ ಇರುತ್ತದೆ. ಒಂದು ಪೊಟ್ಟಣಕ್ಕೆ ದೊಡ್ಡ ದುಡ್ಡು ಅನ್ನಿಸುವುದಿಲ್ಲ. 72 ಅಥವಾ 80 ಹಾಳೆ ಇರುವುದಕ್ಕೆ ಸಾಮಾನ್ಯವಾಗಿ 100ರಿಂದ 200 ರೂಪಾಯಿ. ಆದರೆ ಲೆಕ್ಕ ಹಾಕಿ ನೋಡಿ. ಹಸುಗೂಸಿಗೆ ದಿನಕ್ಕೆ 8 ಸಲ ಬಟ್ಟೆ ಬದಲಾಯಿಸುತ್ತೀರಿ, ಸಲಕ್ಕೆ 2 ಹಾಳೆ ಅಂದರೂ ದಿನಕ್ಕೆ 16. ತಿಂಗಳಿಗೆ 480. ಅಂದರೆ 80 ಹಾಳೆಯ 6 ಪೊಟ್ಟಣ. ಸುಮ್ನೆ ಒರೆಸಿ ಬಿಸಾಡುವುದಕ್ಕೇ 600ರಿಂದ 1,200 ರೂಪಾಯಿ ಹೋಗುತ್ತದೆ. ಬೀರುವಿನ ತಳದಲ್ಲಿ ಮಡಚಿಟ್ಟ ಒಂದು ಹಳೇ ಹತ್ತಿ ಪಂಚೆ ಈ ಖರ್ಚಿನಲ್ಲಿ ಹೆಚ್ಚಿನದನ್ನು ಉಳಿಸುತ್ತದೆ.

ಮನೆಯಲ್ಲೇ ವೈಪ್ಸ್ ಮಾಡಿಕೊಳ್ಳಿ ಎಂದು ಈಗ ಎಲ್ಲರೂ ಹೇಳಿಕೊಡುವ ಒಂದು ವಿಧಾನ ಇದೆ. ಟಿಶ್ಯೂ ರೋಲನ್ನು ಅರ್ಧಕ್ಕೆ ಕತ್ತರಿಸಿ ಡಬ್ಬಿಯಲ್ಲಿಡುವುದು, ನೀರಿಗೆ ಬೇಬಿ ಶಾಂಪೂ, ಬೇಬಿ ಆಯಿಲ್, ಎರಡು ಹನಿ ಸುಗಂಧದ ಎಣ್ಣೆ ಬೆರೆಸಿ ಅದರ ಮೇಲೆ ಸುರಿಯುವುದು, ಮುಚ್ಚಳ ಹಾಕಿ ವಾರಗಟ್ಟಲೆ ಬಳಸುವುದು. ನನಗೆ ಇದು ಒಪ್ಪಿಗೆ ಇಲ್ಲ. ಅಂಗಡಿಯ ವೈಪ್ಸ್ ತಿಂಗಳುಗಟ್ಟಲೆ ಒದ್ದೆಯಾಗಿದ್ದೂ ಕೆಡುವುದಿಲ್ಲ ಅಂದರೆ ಅದರಲ್ಲಿ ಕೆಡದಂತೆ ಕಾಯುವ ರಾಸಾಯನಿಕ ಇರುತ್ತದೆ. ಮನೆಯ ಡಬ್ಬಿಯಲ್ಲಿ ಅದು ಇಲ್ಲ. ನಮ್ಮ ಸೆಕೆಗೆ, ಗಾಳಿ ಆಡದ ಡಬ್ಬಿಯಲ್ಲಿ, ಒದ್ದೆ ಕಾಗದದ ಮೇಲೆ ಒಂದೆರಡು ದಿನದಲ್ಲೇ ರೋಗಾಣು, ಬೂಸ್ಟು ಬೆಳೆಯಲು ಶುರುವಾಗುತ್ತದೆ. ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಇನ್ನು ಶಾಂಪೂ ತೊಳೆದು ಹೋಗಬೇಕಾದ ವಸ್ತು. ಅದನ್ನು ಒರೆಸಿ ಹಾಗೇ ಬಿಟ್ಟರೆ ಚರ್ಮ ಒಣಗುತ್ತದೆ. ಸುಗಂಧದ ಎಣ್ಣೆಯಂತೂ ಎಳೇ ಚರ್ಮಕ್ಕೆ ಬೇಡವೇ ಬೇಡ.

ಹಾಗಂತ ಅಂಗಡಿಯ ರಾಸಾಯನಿಕವೆಲ್ಲ ನಿರುಪದ್ರವಿ ಅಂತಲ್ಲ. ಮೀಥೈಲ್‌ಐಸೋಥಯಾಜೊಲಿನೋನ್ ಎಂಬ ಒಂದು ಸಂರಕ್ಷಕ ವೈಪ್ಸ್‌ನಲ್ಲಿ ಬಳಕೆಯಲ್ಲಿತ್ತು. ಅದರಿಂದ ಚರ್ಮದ ಅಲರ್ಜಿ ಆಗುತ್ತಿದೆ ಎಂದು ಯೂರೋಪಿನಲ್ಲಿ 2017ರಿಂದ ಮೈಮೇಲೆ ಉಳಿಯುವ ಕ್ರೀಮು, ವೈಪ್ಸ್‌ಗಳಲ್ಲಿ ಅದನ್ನು ಹಾಕುವಂತಿಲ್ಲ. ಮನೆಯಲ್ಲಿ ಮಾಡುವಾಗ ನಮಗೆ ಇರುವ ಅನುಕೂಲ ಇದೇ. ಸಂರಕ್ಷಕವೂ ಬೇಕಿಲ್ಲ, ವಾಸನೆಯೂ ಬೇಕಿಲ್ಲ. ಬಟ್ಟೆ ಒಣಗಿರಲಿ, ನೀರು ಬೇರೆ ಇರಲಿ, ಒರೆಸುವ ಹೊತ್ತಿಗೆ ಮಾತ್ರ ಎರಡೂ ಸೇರಲಿ. ಇಷ್ಟು ಪಾಲಿಸಿದರೆ ಕೆಡುವ ಮಾತೇ ಇಲ್ಲ.

ಬಟ್ಟೆಯ ವಿಚಾರಕ್ಕೆ ಬರೋಣ. ಹೊಸ ಬಟ್ಟೆಗಿಂತ ಹತ್ತಾರು ಸಲ ಒಗೆದ ಹಳೇ ಹತ್ತಿ ಬಟ್ಟೆಯೇ ಮೇಲು. ಹೊಸದರಲ್ಲಿ ಗಂಜಿ ಇರುತ್ತದೆ, ನೀರು ಹೀರುವುದಿಲ್ಲ, ಒರಟು ಬೇರೆ. ಮನೆಯಲ್ಲಿ ಉಟ್ಟು ಮೆತ್ತಗಾದ ಪಂಚೆ, ಹತ್ತಿ ಸೀರೆ, ಮಂಗಳೂರು ಕಡೆಯ ಬೈರಾಸು ಎಂಬ ತೆಳು ಟವೆಲ್, ಯಾವುದಾದರೂ ಆಗುತ್ತದೆ. ಪಾಲಿಸ್ಟರ್ ಬೆರೆತದ್ದು ಬೇಡ, ಅದು ಕೊಳೆಯನ್ನು ಹೀರುವುದಿಲ್ಲ, ಮೈಮೇಲೆ ಜಾರಿಸುತ್ತದೆ. ಇಳಕಲ್ ಸೀರೆಯಾದರೆ ಹತ್ತಿಯ ಒಡಲು ಮಾತ್ರ ತಗೊಳ್ಳಿ, ಸೆರಗು ಅಂಚು ಬಿಟ್ಟುಬಿಡಿ. ಹಳೇ ಬಟ್ಟೆ ಇಲ್ಲದವರು ಅಂಗಡಿಯಿಂದ ಬಿಳಿ ಮಲ್‌ಮಲ್ ಬಟ್ಟೆ ಎರಡು ಮೀಟರ್ ತಂದು ಮೂರು ನಾಲ್ಕು ಸಲ ಬಿಸಿನೀರಲ್ಲಿ ಒಗೆದು ಬಳಸಬಹುದು. ತಿಳಿ ಬಣ್ಣ ಇದ್ದರೆ ಒಳ್ಳೆಯದು. ಮಗುವಿನ ಮಲದ ಬಣ್ಣ, ಅದರಲ್ಲಿ ರಕ್ತದ ಗೆರೆ ಏನಾದರೂ ಇದ್ದರೆ ತಕ್ಷಣ ಕಾಣುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಹಳೇ ಸೀರೆ ಪಂಚೆಗಳನ್ನು ಟ್ರಂಕಿನಲ್ಲಿ ಇಡುವಾಗ ನುಸಿಗುಳಿಗೆ ಹಾಕಿರುತ್ತೇವೆ. ಆ ಬಟ್ಟೆಯನ್ನು ನೇರವಾಗಿ ತೆಗೆದು ಮಗುವಿಗೆ ಬಳಸಬೇಡಿ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಅಂಥ ಮಗುವಿಗೆ ಗುಳಿಗೆಯಲ್ಲಿರುವ ನ್ಯಾಫ್ತಲೀನ್ ಚರ್ಮದಿಂದಲೋ ಉಸಿರಿನಿಂದಲೋ ಒಳಗೆ ಹೋದರೆ ಕೆಂಪು ರಕ್ತಕಣ ಒಡೆದು ಕಾಮಾಲೆ ಜೋರಾಗಬಹುದು. ಮಗುವಿನ ಬಟ್ಟೆ, ಹೊದಿಕೆ, ಟೋಪಿ, ಯಾವುದರ ಜೊತೆಗೂ ಆ ಗುಳಿಗೆ ಇರಬಾರದು. ಅಜ್ಜಿಯ ಟ್ರಂಕಿನ ಸೀರೆ ಎಷ್ಟೇ ಮೆತ್ತಗಿರಲಿ, ಗುಳಿಗೆಯ ವಾಸನೆ ಇದ್ದರೆ ಅದನ್ನು ಬಿಟ್ಟು ದಿನಬಳಕೆಯ ಇನ್ನೊಂದು ಬಟ್ಟೆ ಹುಡುಕಿ.

ಕತ್ತರಿಸುವುದಕ್ಕೆ ಅಳತೆಪಟ್ಟಿ ಬೇಕಾಗಿಲ್ಲ. ಒಂದು ಗೇಣು ಉದ್ದ, ಒಂದು ಗೇಣು ಅಗಲ ಸಾಕು. ಎಂಟು ಮೊಳದ ಪಂಚೆ ಅಂದರೆ ಉದ್ದಕ್ಕೆ 16 ಗೇಣು, ಅಂಚು ತೆಗೆದು ಅಗಲಕ್ಕೆ 5 ಗೇಣು, ಒಟ್ಟು 80 ತುಂಡು. ಎರಡೆರಡನ್ನು ಒಂದರ ಮೇಲೊಂದು ಇಟ್ಟು ಹೊಲಿದರೆ 40. ಒಂದೇ ಪದರದ್ದು ಒರೆಸುವಾಗ ಕೈಗೆ ಅಂಟುತ್ತದೆ, ಎರಡು ಪದರ ಇದ್ದರೆ ಹಿಡಿತ ಸಿಗುತ್ತದೆ, ಒಂದು ಮಗ್ಗುಲು ಕೊಳೆಯಾದರೆ ತಿರುಗಿಸಿ ಇನ್ನೊಂದು ಮಗ್ಗುಲಲ್ಲಿ ಒರೆಸಬಹುದು. ಎರಡಕ್ಕಿಂತ ಜಾಸ್ತಿ ಪದರ ಬೇಡ, ಮಳೆಗಾಲದಲ್ಲಿ ಒಣಗುವುದೇ ಇಲ್ಲ. 40 ತುಂಡು ಇದ್ದರೆ ಎರಡು ದಿನಕ್ಕೆ ಆಗುತ್ತದೆ, ಅಷ್ಟರಲ್ಲಿ ಒಗೆದದ್ದು ಒಣಗಿರುತ್ತದೆ.

ಅಂಚನ್ನು ಹಾಗೇ ಬಿಡಬೇಡಿ. ಎಳೆ ಬಿಚ್ಚಿಕೊಂಡು ದಾರ ಉದ್ದ ಆಗುತ್ತದೆ. ಆ ದಾರವೋ ತಾಯಿಯ ತಲೆಕೂದಲೋ ಮಗುವಿನ ಕಾಲ್ಬೆರಳಿಗೆ ಸುತ್ತಿಕೊಂಡು ಬಿಗಿದು, ಬೆರಳು ಊದಿಕೊಂಡು ಆಸ್ಪತ್ರೆಗೆ ಓಡುವಂಥ ಪ್ರಸಂಗಗಳು ನಿಜವಾಗಿ ಆಗುತ್ತವೆ. ಮಗು ಕಾರಣ ಇಲ್ಲದೆ ಒಂದೇ ಸಮ ಅಳುತ್ತಿದ್ದರೆ ಕಾಲ್ಬೆರಳು, ಕೈಬೆರಳು, ಗಂಡುಮಗುವಾದರೆ ಮೂತ್ರದ ಜಾಗ, ಎಲ್ಲ ಒಮ್ಮೆ ನೋಡಬೇಕು. ಹೊಲಿಗೆ ಮಷೀನ್ ಇದ್ದರೆ ಅಂಚು ಮಡಚಿ ಹೊಲಿಯಿರಿ. ಇಲ್ಲದಿದ್ದರೆ ಬೀದಿ ತುದಿಯ ಟೈಲರ್‌ಗೆ ಕೊಟ್ಟು ಸುತ್ತ ಓವರ್‌ಲಾಕ್ ಹೊಡೆಸಿ. ದೊಡ್ಡ ಖರ್ಚೇನಿಲ್ಲ, ಮಗು ದೊಡ್ಡದಾಗುವ ತನಕ ಬಾಳಿಕೆ ಬರುತ್ತದೆ.

ನೀರು ಹೇಗೆ ಇಟ್ಟುಕೊಳ್ಳುವುದು? ಬೆಳಿಗ್ಗೆ ಒಂದು ಪಾತ್ರೆ ನೀರು ಚೆನ್ನಾಗಿ ಕುದಿಸಿ. ಅರ್ಧ ಫ್ಲಾಸ್ಕಿಗೆ ಹಾಕಿ, ಉಳಿದರ್ಧ ಮುಚ್ಚಿಟ್ಟು ಆರಲು ಬಿಡಿ. ಬೇಕಾದಾಗ ಬಟ್ಟಲಿಗೆ ಮೊದಲು ಆರಿದ ನೀರು, ಆಮೇಲೆ ಸ್ವಲ್ಪ ಬಿಸಿ ನೀರು. ಮಣಿಕಟ್ಟಿನ ಒಳಗಡೆ ಒಂದು ಹನಿ ಬಿಟ್ಟು ನೋಡಿ, ಬೆಚ್ಚಗೆ ಅನ್ನಿಸಿದರೆ ಸಾಕು. ಫ್ಲಾಸ್ಕಿನ ನೀರನ್ನು ನೇರವಾಗಿ ಬಟ್ಟೆಗೆ ಸುರಿದು ಒರೆಸಲು ಹೋಗಬೇಡಿ, ನಿದ್ದೆಗಣ್ಣಲ್ಲಿ ಸುಟ್ಟೀತು. ಉಗುರುಬೆಚ್ಚಗಿನ ನೀರನ್ನೇ ಫ್ಲಾಸ್ಕಿನಲ್ಲಿ ತುಂಬಿ ಇಡೀ ದಿನ ಇಡುವುದೂ ಬೇಡ, ಆ ಶಾಖ ರೋಗಾಣುವಿಗೆ ಹಿತ. ಒಂದೆರಡು ತಿಂಗಳು ಕಳೆದ ಮೇಲೆ ಕುಡಿಯುವ ಶುದ್ಧ ನೀರಾದರೆ ಕುದಿಸಲೇಬೇಕೆಂದಿಲ್ಲ.

ನೀರಿಗೆ ಏನು ಹಾಕಬೇಕು ಅಂತ ಎಲ್ಲ ಬಾಣಂತಿಯರೂ ಕೇಳುತ್ತಾರೆ. ಏನೂ ಹಾಕಬೇಡಿ. ಡೆಟಾಲ್ ಬೇಡ, ಪನ್ನೀರು ಬೇಡ, ಅಡುಗೆ ಸೋಡಾ ಬೇಡ. ಸೋಡಾ ಕೆಂಪಾದ ಚರ್ಮದ ಮೂಲಕ ಮೈಯೊಳಗೆ ಸೇರುತ್ತದೆ. ಬೇವಿನ ಸೊಪ್ಪಿನ ನೀರು ಒಳ್ಳೆಯದಲ್ವಾ ಎಂದು ಹಿರಿಯರು ಹೇಳಿಯಾರು, ದೊಡ್ಡವರಿಗೆ ಇರಬಹುದು, ಕೂಸಿಗೆ ಬರೀ ನೀರೇ ಸಾಕು. ಕೊಬ್ಬರಿ ಎಣ್ಣೆಯನ್ನೂ ನೀರಿಗೆ ಬೆರೆಸಬೇಡಿ. ಅದು ಮೇಲೆ ತೇಲುತ್ತದೆ, ಬಟ್ಟೆಗೆ ಹಿಡಿದು ನಾಲ್ಕು ದಿನಕ್ಕೆ ಕಮಟು ವಾಸನೆ ಬರುತ್ತದೆ, ಬಟ್ಟೆ ನೀರು ಹೀರುವುದನ್ನೇ ಬಿಡುತ್ತದೆ. ಎಣ್ಣೆಗೆ ಅದರದ್ದೇ ಕೆಲಸ ಇದೆ. ಹುಟ್ಟಿದ ಮೊದಲೆರಡು ದಿನ ಮಗು ಮಾಡುವ ಕಪ್ಪನೆಯ ಅಂಟು ಮಲ ಬರೀ ನೀರಿಗೆ ಬಿಡುವುದಿಲ್ಲ. ಒಣ ತುಂಡಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಸವರಿದರೆ ಉಜ್ಜದೆಯೇ ಬರುತ್ತದೆ. ಆಮೇಲೆ ನೀರಿನ ಬಟ್ಟೆಯಿಂದ ಒರೆಸಿ. ಎಣ್ಣೆ ಬಟ್ಟೆಗೆಂದೇ ನಾಲ್ಕು ತುಂಡು ಬೇರೆ ಇಡಿ.

ಒರೆಸುವ ಕ್ರಮದಲ್ಲಿ ಅವಸರ ಬೇಡ. ಹೆಣ್ಣುಮಗುವಿಗೆ ಯಾವಾಗಲೂ ಮುಂದಿನಿಂದ ಹಿಂದಕ್ಕೆ, ಇಲ್ಲದಿದ್ದರೆ ಮಲದ ರೋಗಾಣು ಮೂತ್ರದ ದಾರಿಗೆ ಸೇರುತ್ತದೆ. ಗಂಡುಮಗುವಿನ ಮುಂದೊಗಲನ್ನು ಹಿಂದಕ್ಕೆ ಎಳೆಯಲು ಹೋಗಬೇಡಿ, ಮೇಲಿಂದ ಒರೆಸಿದರೆ ಸಾಕು. ತೊಡೆಯ ಮಡಿಕೆಗಳನ್ನು ಬಿಡಿಸಿ ಒರೆಸಿ, ಕೆಂಪಾಗುವುದು ಅಲ್ಲಿಂದಲೇ. ಬರೀ ಉಚ್ಚೆ ಮಾಡಿದಾಗ ಉಜ್ಜಿ ಉಜ್ಜಿ ಒರೆಸುವುದು ಬೇಡ, ಒದ್ದೆ ಬಟ್ಟೆ ಒಮ್ಮೆ ಆಡಿಸಿದರೆ ಆಯಿತು. ಕೊನೆಗೆ ಒಣ ತುಂಡಿನಿಂದ ಒತ್ತಿ ಒತ್ತಿ ತೇವ ತೆಗೆದು, ಐದು ನಿಮಿಷ ಹಾಗೇ ಗಾಳಿಗೆ ಬಿಡಿ. ಪೌಡರ್ ಹಾಕುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಅದರ ಧೂಳು ಮಗುವಿನ ಶ್ವಾಸಕ್ಕೆ ಹೋಗುತ್ತದೆ, ಬೇಡ. ಹೊಕ್ಕುಳಬಳ್ಳಿ ಬೀಳುವ ತನಕ ಅದರ ಹತ್ತಿರ ಒದ್ದೆ ಬಟ್ಟೆ ತರಬೇಡಿ. ಎಲ್ಲ ಮುಗಿದ ಮೇಲೆ ನಿಮ್ಮ ಕೈಯನ್ನು ಸೋಪು ಹಾಕಿ ತೊಳೆಯಿರಿ. ಬಟ್ಟೆ ಎಷ್ಟೇ ಶುದ್ಧ ಇದ್ದರೂ ಕೈ ಶುದ್ಧ ಇಲ್ಲದಿದ್ದರೆ ಏನು ಪ್ರಯೋಜನ?

ಒಗೆಯುವ ಕೆಲಸಕ್ಕೆ ಹೆದರಿಯೇ ಹೆಚ್ಚಿನವರು ಪೊಟ್ಟಣಕ್ಕೆ ಹೋಗುವುದು. ಅಷ್ಟು ಕಷ್ಟ ಇಲ್ಲ. ಮಲವನ್ನು ಕಕ್ಕಸಿಗೆ ಉದುರಿಸಿ, ಬಟ್ಟೆಯನ್ನು ತಕ್ಷಣ ತಣ್ಣೀರಲ್ಲಿ ಜಾಲಿಸಿ. ಮೊದಲೇ ಬಿಸಿನೀರು ಹಾಕಿದರೆ ಕಲೆ ಬಟ್ಟೆಯಲ್ಲಿ ಕಚ್ಚಿಕೊಳ್ಳುತ್ತದೆ. ಜಾಲಿಸಿದ್ದನ್ನು ಮುಚ್ಚಳ ಇರುವ ಬಕೆಟ್‌ಗೆ ಹಾಕಿ, ದಿನಕ್ಕೊಮ್ಮೆ ಮಗುವಿನ ಬಟ್ಟೆಯ ಜೊತೆ ಬಿಸಿನೀರಲ್ಲಿ ಒಗೆಯಿರಿ. ಮಷೀನಿಗೂ ಹಾಕಬಹುದು. ಸೋಪು ಕಡಿಮೆ ಇರಲಿ, ಜಾಲಿಸುವುದು ಜಾಸ್ತಿ ಇರಲಿ. ಬಟ್ಟೆಗೆ ವಾಸನೆ ಬರಲೆಂದು ಹಾಕುವ ಕಂಡಿಷನರ್ ಬೇಡ, ಅದರ ಪದರ ಕೂತರೆ ಬಟ್ಟೆ ನೀರು ಹೀರುವುದಿಲ್ಲ. ವಾರಕ್ಕೆ ಒಂದೆರಡು ಸಲ ಇದಕ್ಕೆಂದೇ ಇಟ್ಟ ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸಿ. ಎದೆಹಾಲು ಕುಡಿಯುವ ಮಗುವಿನ ಹಳದಿ ಕಲೆ ಉಳಿದರೆ ಸೋಪಿನಲ್ಲಿ ಉಜ್ಜುತ್ತಾ ಕೂರಬೇಡಿ. ಒದ್ದೆ ಬಟ್ಟೆಯನ್ನು ಹಾಗೇ ಬಿಸಿಲಿಗೆ ಹರಡಿ, ಕಲೆ ತಾನಾಗಿ ಮಾಸುತ್ತದೆ. ಬೋರ್‌ವೆಲ್‌ನ ಗಡಸು ನೀರಿನ ಕಡೆ ಬಟ್ಟೆ ಒಣಗಿದಾಗ ಹಪ್ಪಳದಂತೆ ಆಗುತ್ತದೆ. ಕೊನೆಯ ಸಲ ಜಾಲಿಸಲು ನಲ್ಲಿ ನೀರೋ ಮಳೆನೀರೋ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಮಡಚುವ ಮುಂಚೆ ಕೈಯಲ್ಲಿ ಚೆನ್ನಾಗಿ ಮುದುಡಿ ಬಿಡಿಸಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬಚ್ಚಲೊಲೆಯ ಬಳಿ ಹೊಗೆ ತಾಗದಂತೆ ಆರಿಸಿ, ಆಮೇಲೆ ಇಸ್ತ್ರಿ ಹಾಕಿ. ಅರೆ ಒಣಗಿದ್ದನ್ನು ಮಡಚಿಡಲೇಬೇಡಿ.

ಹೊರಗೆ ಹೋಗುವಾಗ ಎಷ್ಟು ಬೇಕೋ ಅಷ್ಟು ತುಂಡುಗಳನ್ನು ಕುದಿಸಿ ಆರಿಸಿದ ನೀರಲ್ಲಿ ಅದ್ದಿ, ಹಿಂಡಿ, ತೊಳೆದ ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಳ್ಳಿ. ಸಂಜೆಗೆ ಉಳಿದರೆ ಒಗೆಯಲು ಹಾಕಿ, ಮರುದಿನಕ್ಕೆ ಇಡಬೇಡಿ. ಬಳಸಿದ್ದಕ್ಕೆ ಒಂದು ಜಿಪ್ ಚೀಲ. ರಾತ್ರಿ ಬಸ್ಸಿನಲ್ಲಿ ದೂರದ ಊರಿಗೆ ಹೊರಟಿದ್ದೀರಿ, ಮದುವೆ ಮನೆಯಲ್ಲಿ ನೀರಿಗೆ ಪರದಾಟ, ಅಂಥಾಗ ಅಂಗಡಿಯ ವೈಪ್ಸ್ ಬಳಸಿದರೆ ತಪ್ಪೇನಿಲ್ಲ. ಸುಗಂಧ ಇಲ್ಲದ್ದು ನೋಡಿ ಕೊಳ್ಳಿ. ಅದನ್ನು ಕಕ್ಕಸಿಗೆ ಮಾತ್ರ ಹಾಕಬೇಡಿ. ಅದು ಕಾಗದದಂತೆ ಕಂಡರೂ ಹೆಚ್ಚಿನವುಗಳಲ್ಲಿ ಪ್ಲಾಸ್ಟಿಕ್ ಎಳೆ ಇರುತ್ತದೆ, ಕರಗದೆ ಪೈಪು ಕಟ್ಟುತ್ತದೆ. ಬಾಣಂತನ ಮುಗಿಸಿ ತವರಿನಿಂದ ಬಂದು ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಮನೆಯಲ್ಲಿ ಬಟ್ಟೆ, ಹೊರಗೆ ಪೊಟ್ಟಣ ಅಂತ ಮಾಡಿಕೊಂಡರೂ ಮುಕ್ಕಾಲು ಪಾಲು ಖರ್ಚು ಉಳಿಯುತ್ತದೆ. ಒಗೆಯುವ ಪಾಳಿ ಗಂಡನಿಗೂ ಬರಲಿ. ಹಸಿ ಬಾಣಂತಿ ರಾತ್ರಿಯಿಡೀ ಹಾಲು ಕುಡಿಸಿ ಬೆಳಿಗ್ಗೆ ಬಕೆಟ್ ಮುಂದೆ ಕೂರುವುದಾದರೆ ಆ ಉಳಿತಾಯ ಯಾರಿಗೂ ಬೇಡ.

ಇಷ್ಟೆಲ್ಲ ಮಾಡಿಯೂ ಚರ್ಮ ಕೆಂಪಾಗಬಹುದು. ಆಗ ಒರೆಸುವುದನ್ನು ಬಿಟ್ಟು ಬೆಚ್ಚಗಿನ ನೀರಲ್ಲಿ ತೊಳೆದು, ಒತ್ತಿ ಒಣಗಿಸಿ, ಜಿಂಕ್ ಆಕ್ಸೈಡ್ ಇರುವ ಕ್ರೀಮ್ ದಪ್ಪಗೆ ಹಚ್ಚಿ. ಎರಡು ಮೂರು ದಿನದಲ್ಲಿ ಇಳಿಯದಿದ್ದರೆ, ಮಡಿಕೆಗಳಲ್ಲಿ ಕಡುಕೆಂಪಾಗಿ ಸುತ್ತ ಸಣ್ಣ ಗುಳ್ಳೆ ಎದ್ದರೆ ಅದು ಶಿಲೀಂಧ್ರದ ಸೋಂಕು ಇರಬಹುದು, ಡಾಕ್ಟರಿಗೆ ತೋರಿಸಿ. ಕೀವು, ಜ್ವರ ಇದ್ದರೆ ಕಾಯಲೇಬೇಡಿ.

ಆರು ತಿಂಗಳಾಗಿ ರಾಗಿ ಸರಿ ತಿನ್ನಿಸಲು ಶುರು ಮಾಡಿದಾಗ ಬಾಯಿ, ಕೈ ಒರೆಸಲು ಇಂಥದ್ದೇ ಇನ್ನೊಂದು ಡಜನ್ ಬಟ್ಟೆ ಬೇಕಾಗುತ್ತದೆ. ಹೊಸದಾಗಿ ಕತ್ತರಿಸಿ, ಮಲ ಒರೆಸಿದ ಹಳೆಯದನ್ನು ಬಾಯಿಗೆ ತರಬೇಡಿ. ಬಾಯಿ ಬಟ್ಟೆಯ ಮೂಲೆಗೆ ಕೆಂಪು ದಾರದಲ್ಲಿ ನಾಲ್ಕು ಹೊಲಿಗೆ ಹಾಕಿಟ್ಟರೆ ಯಾರು ಮಡಚಿಟ್ಟರೂ ಎರಡೂ ಬೆರೆಯುವುದಿಲ್ಲ.