ಮೋಟರ್ ಡಿಶ್: ವೇಗ ಎಷ್ಟಿರಬೇಕು, ಎಲ್‌ಎನ್‌ಬಿ ಎಷ್ಟು ಓರೆ ಇರಬೇಕು?

ಡಿಶ್ ತಿರುಗಿಸಲು, ಏರಿಸಲು ಎರಡು ಮೋಟರ್, ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ ಇನ್ನೊಂದು, ಮೂರಕ್ಕೂ ಒಂದೇ ಕಂಟ್ರೋಲರ್. ವೇಗವನ್ನು ಹೇಗೋ ಸರಿ ಮಾಡಿಕೊಳ್ತೇವೆ. ನಮ್ಮ ಕಡೆ ಎಡವುವುದು ಪೋಲರೈಸೇಶನ್‌ನಲ್ಲಿ, ಅಂದರೆ ಸಿಗ್ನಲ್‌ನ ಅಲೆ ನೆಟ್ಟಗಿದೆಯೋ (ವಿ) ಅಡ್ಡಡ್ಡ ಇದೆಯೋ (ಎಚ್) ಅದಕ್ಕೆ ತಕ್ಕಂತೆ ಎಲ್‌ಎನ್‌ಬಿ ತಿರುಗಿಸುವುದರಲ್ಲಿ.

ಮೊದಲು ಲಿಮಿಟ್. ಡಿಶ್ ಗೋಡೆಗೋ ಕಂಬಕ್ಕೋ ತಗಲುವ ಮುಂಚೆ ನಿಲ್ಲಬೇಕು. ಇದನ್ನು ಸೇವ್ ಮಾಡದೆ ವೇಗದ ಮೆನು ಮುಟ್ಟಬೇಡಿ.

ವೇಗ ಎರಡು ಬಗೆ: ದೂರಕ್ಕೆ ಜೋರು, ಗುರಿ ಹತ್ತಿರ ಬಂದಾಗ ನಿಧಾನ. ನಿಧಾನದ್ದನ್ನೇ ಮೊದಲು ಹೊಂದಿಸಿ. ಡಿಶ್ ಮೇಲೇಳುವಾಗ ಸಾಮಾನ್ಯವಾಗಿ ಮೋಟರಿಗೆ ಭಾರ ಜಾಸ್ತಿ, ಹಾಗಾಗಿ ಏರಿಸುತ್ತಲೇ ವೇಗ ಇಳಿಸುತ್ತಾ ಬನ್ನಿ, ಅದು ತಡವರಿಸುವ ಜಾಗ ಸಿಕ್ಕಿದ ಮೇಲೆ ಸ್ವಲ್ಪ ಜಾಸ್ತಿ ಮಾಡಿ ಬಿಡಿ. ತೀರಾ ಕಮ್ಮಿ ಇಟ್ಟರೆ, ಡಿಶ್ ತಿರುಗಿದ್ದನ್ನು ಎಣಿಸುವ ಸೆನ್ಸರ್‌ನಿಂದ ಪಲ್ಸ್ ಬರುವುದಿಲ್ಲ, ಡಿಶ್ ಸಿಕ್ಕಿಕೊಂಡಿದೆ ಅಂತ ಕಂಟ್ರೋಲರ್ ಎಲ್ಲವನ್ನೂ ನಿಲ್ಲಿಸುತ್ತದೆ. ಆಮೇಲೆ ಜೋರಾಗಿ ಓಡಿಸಿ, ಗುಂಡಿ ಬಿಟ್ಟ ಮೇಲೆ ಎಷ್ಟು ದೂರ ಜಾರುತ್ತದೆ ನೋಡಿ. ಅರ್ಧ ಡಿಗ್ರಿ ಜಾರಿದರೆ, ಗುರಿಗೆ ಒಂದು ಡಿಗ್ರಿ ಇರುವಾಗಲೇ ನಿಧಾನದ ವೇಗ ಶುರುವಾಗಲಿ.

ಡೆಡ್‌ಬ್ಯಾಂಡ್ ಅಂದರೆ ಎಷ್ಟು ತಪ್ಪಿದರೂ ಪರವಾಗಿಲ್ಲ ಅನ್ನುವ ಅಳತೆ. ಮನೆಯ ಡಿಟಿಎಚ್ ಬಳಸುವ ಕೆಯು ಬ್ಯಾಂಡ್‌ನಲ್ಲಿ 1.2 ಮೀಟರ್ ಡಿಶ್‌ನ ಬೀಮ್, ಅಂದರೆ ಅದು ಸಿಗ್ನಲ್ ಹಿಡಿಯುವ ಕೋನ, ಸುಮಾರು 1.5 ಡಿಗ್ರಿ ಅಗಲ, ಅದಕ್ಕೆ 0.15 ಡಿಗ್ರಿ ಸಾಕು. ಆದರೆ ಸೆನ್ಸರ್‌ನ ಒಂದು ಪಲ್ಸ್‌ಗಿಂತ ಕಮ್ಮಿ ಕೊಟ್ಟರೆ ಡಿಶ್ ಸುಮ್ನೆ ಆಚೆ ಈಚೆ ಆಡುತ್ತಾ ಮೋಟರ್ ಬಿಸಿಯಾಗುತ್ತದೆ.

ಈಗ ಪೋಲರೈಸೇಶನ್. ಭೂಮಧ್ಯರೇಖೆಗೆ ಹತ್ತಿರ ಇರುವ ನಮಗೆ ಉಪಗ್ರಹ ಬದಲಾದರೆ ಎಲ್‌ಎನ್‌ಬಿಯ ಓರೆ ವಿಪರೀತ ಬದಲಾಗುತ್ತದೆ. ಬೆಂಗಳೂರಿನಿಂದ ಡಿಡಿ ಫ್ರೀ ಡಿಶ್ ಇರುವ ಜಿಸ್ಯಾಟ್-15ಕ್ಕೆ, ಅಂದರೆ 93.5 ಡಿಗ್ರಿ ಪೂರ್ವಕ್ಕೆ, ಸುಮಾರು 50 ಡಿಗ್ರಿ ಓರೆ. 83 ಡಿಗ್ರಿಗೆ 22 ಮಾತ್ರ. 68.5ಕ್ಕೆ ಹೋದರೆ 34, ಅದೂ ಉಲ್ಟಾ ಕಡೆಗೆ! ಡಿಶ್ ಹಿಂದೆ ನಿಂತು ಉಪಗ್ರಹದ ಕಡೆ ನೋಡಿದಾಗ, ನಮಗಿಂತ ಪೂರ್ವದ್ದಕ್ಕೆ ಗಡಿಯಾರದ ಮುಳ್ಳಿಗೆ ವಿರುದ್ಧ, ಪಶ್ಚಿಮದ್ದಕ್ಕೆ ಮುಳ್ಳಿನ ದಿಕ್ಕು. ಬೇರೆ ದೇಶದ ವಿಡಿಯೊ ನೋಡಿ ಹತ್ತು ಹದಿನೈದು ಡಿಗ್ರಿ ತಿರುಗಿಸಿದರೆ ಇಲ್ಲಿ ಕೆಲಸ ಆಗಲ್ಲ. ಡಿಶ್ ಪೋಲಾರ್ ಮೌಂಟ್‌ನಲ್ಲಿದ್ದರೆ, ಅಂದರೆ ಒಂದೇ ಮೋಟರಿನಲ್ಲಿ ಉಪಗ್ರಹಗಳ ಸಾಲಿನುದ್ದಕ್ಕೂ ತಿರುಗುವಂತಿದ್ದರೆ, ಈ ಗೋಜಿಲ್ಲ, ಎಲ್‌ಎನ್‌ಬಿ ಅದರ ಜೊತೆಗೇ ವಾಲುತ್ತದೆ.

ಮೆನುವಿನಲ್ಲಿ ಲೀನಿಯರ್ (ವಿ, ಎಚ್ ಬಗೆಯ ಪೋಲರೈಸೇಶನ್) ಆರಿಸಿ, ಎಲ್‌ಎನ್‌ಬಿ ನೆಟ್ಟಗೆ ಇರುವಾಗ ಸೊನ್ನೆ ಅಂತ ಗುರುತಿಸಿ, ಲೆಕ್ಕದ ಕೋನಕ್ಕೆ ತಿರುಗಿಸಿ. ಇನ್ನು ಮುಂದೆ ರಿಸೀವರ್ ತೋರಿಸುವ ಸಿಗ್ನಲ್ ಪಟ್ಟಿಯನ್ನು ನಂಬಬೇಡಿ. 10 ಡಿಗ್ರಿ ತಪ್ಪಿದರೂ ಬೇಕಾದ ಸಿಗ್ನಲ್ ಕಮ್ಮಿಯಾಗುವುದು ಶೇಕಡ 3ರಷ್ಟೇ, ಪಟ್ಟಿ ಅಲ್ಲಾಡುವುದೇ ಇಲ್ಲ. ಆದರೆ ಬೇಡದ ಪೋಲರೈಸೇಶನ್ ಕೂಡ ಶೇಕಡ 3 ಒಳಗೆ ನುಗ್ಗಿ ಕ್ವಾಲಿಟಿ ಕೆಡಿಸುತ್ತದೆ. ಅದಕ್ಕೇ ಉಲ್ಟಾ ದಾರಿ ಹಿಡಿಯಿರಿ: ವಿ ಮಾತ್ರ ಇರುವ ಫ್ರೀಕ್ವೆನ್ಸಿಯನ್ನು ಎಚ್‌ನಲ್ಲಿಟ್ಟು, ಅದು ಪೂರ್ತಿ ಸಾಯುವ ಕೋನ ಹುಡುಕಿ. ಆ ಕೋನ ಬಹಳ ಚೂಪಾಗಿ ಸಿಗುತ್ತದೆ, ಅದನ್ನೇ ಸೇವ್ ಮಾಡಿ.

ವಿ, ಎಚ್ ಬದಲಿಸಲು ರಿಸೀವರ್ 13, 18 ವೋಲ್ಟ್ ಕಳಿಸುತ್ತಿದ್ದರೆ, ಕಂಟ್ರೋಲರ್ ಮತ್ತೆ 90 ಡಿಗ್ರಿ ತಿರುಗಿಸದಂತೆ ಆ ಆಯ್ಕೆ ಆಫ್ ಮಾಡಿ.

ಕೊನೆಗೆ ಬೇರೆ ಉಪಗ್ರಹಕ್ಕೆ ಹೋಗಿ ಎರಡೂ ಕಡೆಯಿಂದ ವಾಪಸ್ ಬನ್ನಿ. ಕ್ವಾಲಿಟಿ ಬೇರೆ ಬೇರೆ ಬಂತಾ? ಗೇರ್ ಸಡಿಲ ಇದೆ ಅಂತ. ಯಾವಾಗಲೂ ಒಂದೇ ದಿಕ್ಕಿನಿಂದ ಗುರಿ ಮುಟ್ಟುವ ಆಯ್ಕೆ ಇದ್ದರೆ ಆನ್ ಮಾಡಿ, ಇಲ್ಲದಿದ್ದರೆ ಸ್ಪ್ಯಾನರ್ ಹಿಡಿದು ಮೇಲೆ ಹತ್ತಬೇಕು.