ಗಾಜಿನ ಕಾಲು ಅಂದವರಿಗೆ: ವಿಂಗರ್‌ನ ಗಾಯದ ಪಟ್ಟಿಯನ್ನು ನಾನು ಓದುವ ರೀತಿ

ಫ್ರಾನ್ಸ್‌ನ ಫುಟ್‌ಬಾಲ್ ವಿಂಗರ್ (ಅಂಗಳದ ಅಂಚಿನಲ್ಲಿ ಓಡಿ ದಾಳಿ ಮಾಡುವ ಆಟಗಾರ) ಒಲೀಸೆ ವಿಷಯದಲ್ಲಿ ನಾನು ಹೇಳಿದ್ದೇ ಆಯಿತು: ಗಾಯಕ್ಕೆ ಹೆದರದೆ ಅವನನ್ನು ಕೊಳ್ಳಬಹುದು ಅಂದಿದ್ದೆ. ಇದನ್ನು ಬರೆಯಲು ಅಷ್ಟು ಕಾರಣ ಸಾಕು.

2024ರ ಜುಲೈನಲ್ಲಿ ಬಯರ್ನ್ ಮ್ಯೂನಿಕ್ ಅವನನ್ನು ಕ್ರಿಸ್ಟಲ್ ಪ್ಯಾಲೆಸ್‌ನಿಂದ ತಗೊಂಡಾಗ ನಮ್ಮ ಗುಂಪಿನಲ್ಲಿ ಒಬ್ಬನೂ ನನ್ನ ಮಾತು ಒಪ್ಪಲಿಲ್ಲ. "ಆಟ ಏನೋ ಸೂಪರ್, ಆದ್ರೆ ಅಕ್ಟೋಬರ್‌ಗೆ ಫಿಸಿಯೋ ಮುಂದೆ ಮಲಗಿರ್ತಾನೆ ನೋಡು" ಅಂತ ಒಬ್ಬ. "ಐವತ್ತು ಮಿಲಿಯನ್ ಯೂರೋ ದಾಟಿಸಿ ಗಾಜಿನ ಕಾಲು ತಂದಿದ್ದಾರೆ" ಅಂತ ಇನ್ನೊಬ್ಬ. ಸೋತವನು ಗೆದ್ದವನಿಗೆ ಜೆರ್ಸಿ ಕೊಡಿಸಬೇಕು ಅಂತ ಬೆಟ್ ಆಯಿತು. ಆ ಸೀಸನ್ ಜರ್ಮನಿಯ ಲೀಗ್ ಬುಂಡೆಸ್ಲಿಗಾದ 34 ಪಂದ್ಯಗಳಲ್ಲೂ ಅವನು ಅಂಗಳಕ್ಕಿಳಿದ. ಬಯರ್ನ್ ಚಾಂಪಿಯನ್ ಆಯಿತು, ನನಗೆ ಜೆರ್ಸಿ ಬಂತು.

ಇದೇನು ಅದೃಷ್ಟ ಅಲ್ಲ. ನನ್ನ ಹತ್ತಿರ ಒಂದು ಎಕ್ಸೆಲ್ ಶೀಟ್ ಇದೆ. ವಿಂಗರ್‌ಗಳ ಗಾಯ ಬಿಟ್ಟು ಅದರಲ್ಲಿ ಬೇರೇನೂ ಇಲ್ಲ. ಅದು ಹಲವು ಸಲ ಕೈಕೊಟ್ಟಿದೆ, ಅದಕ್ಕೇ ಈಗ ಸರಿಯಾಗಿದೆ.

ಮೊದಲ ಅವತಾರ ತುಂಬಾ ಸರಳ. ಮೂರು ಸೀಸನ್‌ನಲ್ಲಿ ಎಷ್ಟು ದಿನ ಹೊರಗಿದ್ದ, ಅಷ್ಟೇ. ಕಡಿಮೆ ಇದ್ದರೆ ಹಸಿರು, ಜಾಸ್ತಿ ಇದ್ದರೆ ಕೆಂಪು. ಈ ಲೆಕ್ಕದಲ್ಲಿ 2019ರಲ್ಲಿ ಅತಿ ಹಸಿರು ಬಣ್ಣ ಬಂದಿದ್ದು ಯಾರಿಗೆ ಗೊತ್ತಾ? ಬೆಲ್ಜಿಯಂನ ಹಜಾರ್ಡ್‌ಗೆ. ಚೆಲ್ಸಿಯಲ್ಲಿ ಏಳು ಸೀಸನ್, 352 ಪಂದ್ಯ. ಅಷ್ಟು ಒದೆ ತಿಂದೂ ಎದ್ದು ಆಡುತ್ತಿದ್ದವನು. ರಿಯಲ್ ಮ್ಯಾಡ್ರಿಡ್ ನೂರು ಮಿಲಿಯನ್ ಯೂರೋ ಆಸುಪಾಸು ಕೊಟ್ಟಿತು. ನವೆಂಬರ್‌ನಲ್ಲಿ ಪಿಎಸ್‌ಜಿ ವಿರುದ್ಧ ಮ್ಯೂನಿಯೇ ಟ್ಯಾಕಲ್‌ಗೆ ಆಂಕಲ್ (ಪಾದದ ಗಂಟು) ಹೋಯಿತು. ಅವನು ಬೆಲ್ಜಿಯಂ ತಂಡದಲ್ಲಿ ಇವನ ಜೊತೆಗಾರನೇ. ಫೆಬ್ರವರಿಯಲ್ಲಿ ವಾಪಸ್ ಬಂದು ಎರಡನೇ ಪಂದ್ಯಕ್ಕೇ, ಲೆವಾಂತೆ ವಿರುದ್ಧ, ಅದೇ ಕಾಲು ಮತ್ತೆ ಮುರಿಯಿತು. ಅದಾದ ಮೇಲೆ ಆ ಹಳೇ ಹಜಾರ್ಡ್ ಸಿಗಲೇ ಇಲ್ಲ. ನಾಲ್ಕು ಸೀಸನ್‌ಗೆ 76 ಪಂದ್ಯ, 7 ಗೋಲು. ಹೆಸರು ಪ್ರಿಂಟ್ ಮಾಡಿಸಿದ ಜೆರ್ಸಿ ಯಾರೂ ವಾಪಸ್ ತಗೊಳ್ಳಲ್ಲ ಅಂತ ನಮ್ಮಲ್ಲಿ ಒಬ್ಬನಿಗೆ ಆಗ ಗೊತ್ತಾಯಿತು.

ಇನ್ನೊಂದು ಕಡೆ ಹಾಲೆಂಡ್‌ನ ವಿಂಗರ್ ರೊಬೆನ್. 2009ರಲ್ಲಿ ಬಯರ್ನ್‌ಗೆ ಬಂದಾಗ ನನ್ನ ಶೀಟ್ ಇರಲಿಲ್ಲ. ಆಮೇಲೆ ಹಳೇ ಪಟ್ಟಿ ಹಾಕಿ ನೋಡಿದೆ. ಕಡುಕೆಂಪು! ಮರುವರ್ಷ ವಿಶ್ವಕಪ್‌ಗೆ ಮುಂಚೆ ಹಂಗೇರಿ ವಿರುದ್ಧದ ಸೌಹಾರ್ದ ಪಂದ್ಯದಲ್ಲಿ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂದಿನ ಸ್ನಾಯು) ಎಳೆಸಿಕೊಂಡ, ವಿಶ್ವಕಪ್ ಆಡಿ ಬಂದು ಅರ್ಧ ಸೀಸನ್ ಹೊರಗೆ ಕೂತ. ಆದರೂ 2019ರ ತನಕ ಹತ್ತು ವರ್ಷ ಅಲ್ಲೇ ಇದ್ದ. 309 ಪಂದ್ಯ, 8 ಲೀಗ್ ಪಟ್ಟ, 2013ರಲ್ಲಿ ವೆಂಬ್ಲಿಯಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ 89ನೇ ನಿಮಿಷದ ಗೋಲು. ನನ್ನ ಶೀಟ್ ಪ್ರಕಾರ ಅವನನ್ನು ಕೊಳ್ಳಲೇಬಾರದಿತ್ತು.

ಆಗ ದುಡ್ಡಿನ ಲೆಕ್ಕಕ್ಕೆ ಕೈಹಾಕಿದೆ. ಕೊಟ್ಟ ಹಣವನ್ನು ಆಡಿದ ಪಂದ್ಯಗಳಿಂದ ಭಾಗಿಸಿ ನೋಡಿ. ಸಂಬಳ, ಬೋನಸ್ ಎಲ್ಲ ಬಿಟ್ಟು ಬರೀ ಟ್ರಾನ್ಸ್‌ಫರ್ ಹಣ. ಹಜಾರ್ಡ್‌ಗೆ ಒಂದು ಪಂದ್ಯಕ್ಕೆ 13 ಲಕ್ಷ ಯೂರೋ ಬೀಳುತ್ತದೆ. ರೊಬೆನ್‌ಗೆ ಸುಮಾರು 25 ಮಿಲಿಯನ್ ಕೊಟ್ಟಿದ್ದು, ಅಂದರೆ ಪಂದ್ಯಕ್ಕೆ 80 ಸಾವಿರದ ಹತ್ತಿರ. ಬಾರ್ಸಿಲೋನಾದ ಡೆಂಬೆಲೆಗೆ ಆಡ್-ಆನ್ (ಷರತ್ತು ಪೂರೈಸಿದರೆ ಆಮೇಲೆ ಕೊಡುವ ಹಣ) ಬಿಟ್ಟು 105 ಮಿಲಿಯನ್, ಪಂದ್ಯ 185. ಸುಮಾರು ಐದೂಮುಕ್ಕಾಲು ಲಕ್ಷ. ಡೆಂಬೆಲೆಯನ್ನು ಎಲ್ಲರೂ ಆಡಿಕೊಂಡರು, ಆದರೆ ಪಂದ್ಯದ ಲೆಕ್ಕಕ್ಕೆ ಹಜಾರ್ಡ್‌ಗಿಂತ ಅರ್ಧಕ್ಕೂ ಕಡಿಮೆ ಬಿದ್ದಿದ್ದಾನೆ. ಗಾಯದ ಪಟ್ಟಿ ಮಾತ್ರ ನೋಡಿ ಬೆಲೆ ನೋಡದಿದ್ದರೆ ಹೀಗೇ ಆಗೋದು. ಪದೇ ಪದೇ ಗಾಯವಾಗುವ ವಿಂಗರ್ ಅಗ್ಗಕ್ಕೆ ಸಿಕ್ಕರೆ ಸುಮ್ನೆ ತಗೊಳ್ಳಬಹುದು. ಪೂರ್ತಿ ಬೆಲೆ ಕೊಡುವಾಗ ಮಾತ್ರ ತಲೆ ಕೆಡಿಸಿಕೊಳ್ಳಬೇಕು.

ಈಗಿನ ಶೀಟ್‌ನಲ್ಲಿ 'ದಿನಗಳು' ಅನ್ನೋ ಕಾಲಂ ಇಲ್ಲವೇ ಇಲ್ಲ, ಕಿತ್ತು ಹಾಕಿದ್ದೇನೆ. ಮೇ ಕೊನೆಗೆ ಗಾಯವಾದವನಿಗೆ ಬೇಸಿಗೆ ರಜೆಯೂ ಸೇರಿ ಎಂಬತ್ತು ದಿನ ಅಂತ ಬರುತ್ತದೆ, ತಪ್ಪಿದ ಪಂದ್ಯ ಎರಡೇ ಇರುತ್ತದೆ. 2020ರಲ್ಲಿ ಲೀಗ್‌ಗಳು ನಿಂತಿದ್ದ ತಿಂಗಳುಗಳಂತೂ ಪೂರ್ತಿ ಕಲಸುಮೇಲೋಗರ. ಆಮೇಲೆ ಒದೆ ತಿಂದು ಆದ ಗಾಯಗಳನ್ನು ಬೇರೆ ಹಾಳೆಗೆ ಹಾಕುತ್ತೇನೆ. ಯಾರೋ ಬಂದು ತುಳಿದರೆ ಅದು ತುಳಿದವನ ಗುಣ, ಇವನ ಕಾಲಿನ ಗುಣ ಅಲ್ಲ. ಉಳಿಯೋದು ಯಾರೂ ಮುಟ್ಟದೆ, ಓಡುವಾಗ ತಾನಾಗೇ ಎಳೆದ ಸ್ನಾಯುಗಳು. ಅಲ್ಲಿ ನನಗೆ ಬೇಕಾಗಿದ್ದು ಒಂದೇ ಅಂಕಿ: ವಾಪಸ್ ಬಂದ ಮೇಲೆ ಅದೇ ಜಾಗ ಮತ್ತೆ ಎಳೆಯಲು ಎಷ್ಟು ದಿನ ಹಿಡಿಯಿತು.

ಗಡಿ ಅರವತ್ತು ದಿನ ಇಟ್ಟುಕೊಂಡಿದ್ದೇನೆ. ಇದನ್ನು ಗಾಳಿಯಿಂದ ಹಿಡಿದಿಲ್ಲ. ಯುರೋಪಿನ ಫುಟ್‌ಬಾಲ್ ಒಕ್ಕೂಟ ಯುಇಎಫ್‌ಎ ತನ್ನ ದೊಡ್ಡ ಕ್ಲಬ್‌ಗಳಲ್ಲಿ 2001ರಿಂದ ಗಾಯಗಳ ಲೆಕ್ಕ ಇಡಿಸುತ್ತಾ ಬಂದಿದೆ. ಎಲ್ಲ ಗಾಯಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಪಾಲು ಆಗ ನೂರಕ್ಕೆ 12 ಇತ್ತು, 2022ರ ಹೊತ್ತಿಗೆ 24 ಆಯಿತು. ಅದರಲ್ಲಿ ನೂರಕ್ಕೆ 18 ಹಳೇ ಗಾಯವೇ ಮರುಕಳಿಸಿದ್ದು. ಆ ಮರುಕಳಿಸಿದವುಗಳಲ್ಲಿ ಮೂರರಲ್ಲಿ ಎರಡು ಪಾಲು ವಾಪಸ್ ಬಂದ ಎರಡು ತಿಂಗಳೊಳಗೇ ಆಗಿವೆ. ಅಂದರೆ ಎರಡು ತಿಂಗಳು ದಾಟಿದವನ ಮೇಲೆ ನನ್ನ ಅನುಮಾನ ಅರ್ಧಕ್ಕರ್ಧ ಇಳಿಯುತ್ತದೆ.

ಆದರೆ ವಾಪಸ್ ಬಂದ ದಿನ ಯಾವುದು? ಇಲ್ಲೇ ನನ್ನ ಗೆಳೆಯರೆಲ್ಲ ಜಾರೋದು. ಪಟ್ಟಿಯಲ್ಲಿ ಫಿಟ್ ಅಂತ ಬರೆದ ದಿನ ಅಲ್ಲ. ಬೆಂಚಿನಿಂದ ಎದ್ದು ಕೊನೆಯ ಹತ್ತು ನಿಮಿಷ ಆಡಿದ ದಿನವೂ ಅಲ್ಲ. ಮೊದಲ ಹನ್ನೊಂದರಲ್ಲಿ ಇದ್ದು ಅರವತ್ತು ನಿಮಿಷ ದಾಟಿದ ದಿನದಿಂದ ನಾನು ಎಣಿಸುತ್ತೇನೆ. ಈ ಒಂದು ಬದಲಾವಣೆ ಮಾಡಿದ ಮೇಲೆ ಹಳೇ ಪಟ್ಟಿಗಳ ಬಣ್ಣವೇ ಬದಲಾಯಿತು. ವರ್ಷಪೂರ್ತಿ 'ಫಿಟ್' ಇದ್ದವರು ಎಷ್ಟೋ ಜನ ಒಂದು ಸಲವೂ ಪೂರ್ತಿ ವಾಪಸ್ ಬಂದಿರಲಿಲ್ಲ.

ಒಲೀಸೆಗೆ ಇದನ್ನು ಹಾಕಿ ನೋಡಿ. 2022-23ರಲ್ಲಿ ಪ್ಯಾಲೆಸ್‌ಗೆ 37 ಲೀಗ್ ಪಂದ್ಯ, ದೂರೇ ಇಲ್ಲ. 2023ರ ಬೇಸಿಗೆಯಲ್ಲಿ ಫ್ರಾನ್ಸ್‌ನ 21ರೊಳಗಿನ ತಂಡಕ್ಕೆ ಆಡುವಾಗ ಹ್ಯಾಮ್‌ಸ್ಟ್ರಿಂಗ್ ಹೋಯಿತು, ನವೆಂಬರ್ ತನಕ ಹೊರಗೆ. ಹೊಸ ವರ್ಷದ ಹೊತ್ತಿಗೆ ಮತ್ತೆ ತೊಂದರೆ. ಜನವರಿ ಕೊನೆಗೆ ಬಂದು ಮಿಂಚಿದ, ಕೆಲವೇ ದಿನದಲ್ಲಿ ಬ್ರೈಟನ್ ವಿರುದ್ಧ ವಿರಾಮದ ನಂತರ ಇಳಿದು ಹತ್ತು ಹನ್ನೊಂದು ನಿಮಿಷಕ್ಕೇ ತೊಡೆ ಹಿಡಿದು ಹೊರಬಂದ. ಆ ಹಂತದಲ್ಲಿ ನನ್ನ ಶೀಟ್‌ನಲ್ಲೂ ಅವನು ಕೆಂಪೇ. ಗೆಳೆಯರು ಅಲ್ಲಿಗೆ ಪಟ್ಟಿ ಮಡಚಿಟ್ಟರು, ನಾನು ಮಡಚಲಿಲ್ಲ. ವಸಂತದಲ್ಲಿ ವಾಪಸ್ ಬಂದವನು ಮೇನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮೇಲೆ ಎರಡು ಗೋಲು ಹೊಡೆದ. ಆ ಪಂದ್ಯ ಪ್ಯಾಲೆಸ್ 4-0 ಗೆದ್ದಿತು. ಅಲ್ಲಿಂದ ನೇರ ಒಲಿಂಪಿಕ್ಸ್. ಜುಲೈ 24ರಿಂದ ಆಗಸ್ಟ್ 9ರ ಫೈನಲ್ ತನಕ ಫ್ರಾನ್ಸ್ ಆಡಿದ್ದು ಆರು ಪಂದ್ಯ, ಮೂರು ನಾಲ್ಕು ದಿನಕ್ಕೊಂದು. ಫೈನಲ್ ಎಕ್ಸ್‌ಟ್ರಾ ಟೈಮ್‌ಗೆ ಹೋಗಿ ಸ್ಪೇನ್ 5-3 ಗೆದ್ದಿತು. ಒಲಿಂಪಿಕ್ಸ್ ಸುಸ್ತಿಗೆ ಇವನು ಬಿದ್ದೇ ಬೀಳ್ತಾನೆ ಅಂತ ಗುಂಪಿನವರು. ನನಗೆ ಅದೇ ಸಾಕ್ಷಿ. ಕ್ಲಬ್‌ನ ಮೆಡಿಕಲ್‌ನಲ್ಲಿ ಮೆಷಿನ್ ಮೇಲೆ ಮಲಗಿಸಿ ಏನು ನೋಡ್ತಾರೋ, ಅದಕ್ಕಿಂತ ಒಳ್ಳೆ ಪರೀಕ್ಷೆ ಟಿವಿಯಲ್ಲೇ ಬಿಟ್ಟಿ ಸಿಕ್ಕಿತ್ತು. ಎಣಿಸಿದೆ, ಅರವತ್ತು ದಾಟಿತ್ತು. ಹಸಿರು ಬಳಿದೆ.

ಇನ್ನೊಂದು ಅಭ್ಯಾಸ ಇದೆ. ಚೆಂಡು ಕಾಲಲ್ಲಿದ್ದಾಗ ಅವನನ್ನು ನೋಡಬೇಡಿ. ಡ್ರಿಬಲ್ ಮಾಡುವಾಗ ಯಾರಾದರೂ ಚೆನ್ನಾಗೇ ಕಾಣ್ತಾರೆ. ಚೆಂಡು ಕಳೆದುಕೊಂಡ ಮೇಲೆ ಎದುರಾಳಿ ಫುಲ್‌ಬ್ಯಾಕ್ ಹಿಂದೆ ಹೇಗೆ ಓಡ್ತಾನೆ ನೋಡಿ. ಹ್ಯಾಮ್‌ಸ್ಟ್ರಿಂಗ್ ಎಳೆಯುವುದು ಸಾಮಾನ್ಯವಾಗಿ ಪೂರ್ತಿ ವೇಗದಲ್ಲಿ, ಮುಂದೆ ಚಾಚಿದ ಕಾಲು ಇನ್ನೇನು ನೆಲ ಮುಟ್ಟಬೇಕು ಅನ್ನುವಾಗ. ಕಾಲಿನ ಮೇಲೆ ನಂಬಿಕೆ ಇಲ್ಲದವನು ಆ ಓಟದಲ್ಲಿ ಹೆಜ್ಜೆ ಗಿಡ್ಡ ಮಾಡ್ತಾನೆ, ಎರಡು ಮಾರು ಓಡಿ ಕೈ ಎತ್ತಿ ಜೊತೆಗಾರನಿಗೆ ತೋರಿಸ್ತಾನೆ. ಇದನ್ನು ಎಣಿಸಲು ಯಾವ ಆ್ಯಪ್ ಕೂಡ ಇಲ್ಲ, ಕೂತು ನೋಡಬೇಕು. ಇದರ ಜೊತೆ ಬದಲಿ ಆಟಗಾರನಾಗಿ ಇಳಿಯುವ ಮುಂಚಿನ ವಾರ್ಮ್-ಅಪ್‌ನಲ್ಲಿ ಒಂದು ವಿಷಯ ನೋಡ್ತೀನಿ. ಅದನ್ನು ಮಾತ್ರ ಇಲ್ಲಿ ಬರೆಯಲ್ಲ, ನಮ್ಮ ಮಿನಿ ಲೀಗ್‌ನವರೂ ಇದನ್ನು ಓದ್ತಾರೆ.

ಮಿನಿ ಲೀಗ್ ಅಂದ ಮೇಲೆ ಫ್ಯಾಂಟಸಿ ಮಾತು, ಅಂದರೆ ನಿಜವಾದ ಆಟಗಾರರನ್ನು ಆರಿಸಿ ತಂಡ ಕಟ್ಟಿ ಪಾಯಿಂಟ್ ಗಳಿಸುವ ಆನ್‌ಲೈನ್ ಆಟ. ನೂರು ಮಿಲಿಯನ್ ಬಜೆಟ್‌ನಲ್ಲಿ ಹತ್ತರ ಮೇಲೆ ಒಬ್ಬ ವಿಂಗರ್‌ಗೇ ಸುರಿಯುವಾಗ ಹೊಟ್ಟೆ ಉರಿಯುತ್ತದೆ ಅಲ್ವಾ? ಶೀಟ್ ಸರಿಯಿಲ್ಲದ ಕಾಲದಲ್ಲಿ ಹಳದಿ ಫ್ಲ್ಯಾಗ್ (ಆಡೋದು ಅನುಮಾನ ಅನ್ನೋ ಗುರುತು) ಕಂಡ ತಕ್ಷಣ ಮಾರಿ, ಪ್ರತಿ ಹೆಚ್ಚುವರಿ ಬದಲಾವಣೆಗೆ ಮೈನಸ್ ನಾಲ್ಕು ಮೈನಸ್ ನಾಲ್ಕು ಅಂತ ಒಂದು ಸೀಸನ್‌ನಲ್ಲಿ ಎಪ್ಪತ್ತು ಎಂಬತ್ತು ಪಾಯಿಂಟ್ ಕಳೆದಿದ್ದೆ. 2024ರಲ್ಲಿ ಆರ್ಸೆನಲ್ ವಿಂಗರ್ ಸಾಕಾ ವಿಷಯದಲ್ಲಿ ಅದೆಲ್ಲ ವಸೂಲಾಯಿತು. ಅವನು ಹಿಂದೆ ಪ್ರೀಮಿಯರ್ ಲೀಗ್‌ನಲ್ಲಿ ಸತತ 87 ಪಂದ್ಯ ಆಡಿದವನು, ಎಲ್ಲರ ಕಣ್ಣಲ್ಲೂ ಕಬ್ಬಿಣ. ಅಕ್ಟೋಬರ್‌ನಲ್ಲಿ ಇಂಗ್ಲೆಂಡ್‌ಗೆ ಆಡುವಾಗ ಕಾಲು ಹಿಡಿದು ಹೊರಬಂದ, ಎರಡೇ ವಾರದಲ್ಲಿ ಲಿವರ್‌ಪೂಲ್ ಮೇಲೆ ಗೋಲು ಹೊಡೆದ. ಎಲ್ಲರೂ ಕುಣಿದರು. ನಾನು ಅರವತ್ತು ಎಣಿಸುತ್ತಾ ಇದ್ದೆ. ಡಿಸೆಂಬರ್ ಪಂದ್ಯಗಳ ಸಾಲು ನೋಡಿ ಮಾರಿಬಿಟ್ಟೆ. ಡಿಸೆಂಬರ್ 21ಕ್ಕೆ ಪ್ಯಾಲೆಸ್ ವಿರುದ್ಧ ಹ್ಯಾಮ್‌ಸ್ಟ್ರಿಂಗ್ ಹೋಯಿತು, ಆಪರೇಷನ್, ಏಪ್ರಿಲ್ ತನಕ ಇಲ್ಲ. ಅರವತ್ತರ ಗಡಿಗೆ ಅವನು ಸ್ವಲ್ಪ ಹತ್ತಿರದಲ್ಲೇ ಇದ್ದ, ಅದು ನಿಜ. ಆದರೂ ನನ್ನ ಹತ್ತು ಮಿಲಿಯನ್ ಬೇರೆ ಕಡೆ ದುಡಿಯುತ್ತಿತ್ತು.

ನಡುವೆ ಸುಮ್ನೆ ಮಾಡಿದ ಪ್ರಯೋಗಗಳೂ ಇವೆ. ಜಾಸ್ತಿ ಫೌಲ್ ಮಾಡಿಸಿಕೊಳ್ಳುವ ವಿಂಗರ್ ಜಾಸ್ತಿ ಬೀಳ್ತಾನಾ ಅಂತ ಒಂದು ಕಾಲಂ ಮಾಡಿದ್ದೆ. ಗ್ರೀಲಿಶ್ ಆಸ್ಟನ್ ವಿಲ್ಲಾದಲ್ಲಿ ಲೀಗ್‌ನಲ್ಲೇ ಅತಿ ಹೆಚ್ಚು ಒದೆ ತಿನ್ನುತ್ತಿದ್ದ, 2021ರಲ್ಲಿ ಮೊಣಕಾಲ ಕೆಳಗಿನ ಗಾಯಕ್ಕೆ ಸುಮಾರು ಮೂರು ತಿಂಗಳು ಕೂತ. ಅದೇ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ನೂರು ಮಿಲಿಯನ್ ಪೌಂಡ್ ಕೊಟ್ಟಿತು. ಅವನೊಬ್ಬನನ್ನು ಬಿಟ್ಟರೆ ಉಳಿದವರಲ್ಲಿ ಫೌಲ್‌ಗೂ ಗಾಯಕ್ಕೂ ಸಂಬಂಧ ಕಾಣಲಿಲ್ಲ, ಕಾಲಂ ಅಳಿಸಿದೆ. ಭುಜ ಜಾರುವ ಗಾಯಗಳಿಗೂ ಒಂದು ಹಾಳೆ ಶುರು ಮಾಡಿದೆ. ಹಿಡಿದೆಳೆಯಲು ಆಗಬಾರದು ಅಂತ ವುಲ್ವ್ಸ್‌ನಲ್ಲಿ ಅಡಾಮಾ ಟ್ರವೊರೆಯ ತೋಳಿಗೆ ಬೇಬಿ ಆಯಿಲ್ ಹಚ್ಚಿ ಇಳಿಸುತ್ತಿದ್ದರಲ್ಲ, ಆ ಹಾಳೆಯಲ್ಲಿ ಅವನೊಬ್ಬನೇ ಇದ್ದಾನೆ.

ಆಂಕಲ್ ಲೆಕ್ಕ ಮಾತ್ರ ಇನ್ನೂ ಕೂತಿಲ್ಲ. ಆಗ ಬಯರ್ನ್‌ನಲ್ಲಿದ್ದ ಕೊಮಾನ್ 2018ರಲ್ಲಿ ಫೆಬ್ರವರಿಗೊಮ್ಮೆ ಆಗಸ್ಟ್‌ಗೊಮ್ಮೆ ಅದೇ ಆಂಕಲ್‌ಗೆ ಆಪರೇಷನ್ ಮಾಡಿಸಿಕೊಂಡ, ಇನ್ನೊಂದಾದರೆ ಆಟವೇ ಬಿಡಬಹುದು ಅಂತಲೂ ಹೇಳಿದ. 2020ರ ಚಾಂಪಿಯನ್ಸ್ ಲೀಗ್ ಫೈನಲ್‌ನ ಏಕೈಕ ಗೋಲು ಅವನದೇ. ನನ್ನ ಗಡಿ ಸ್ನಾಯುಗಳಿಗೆ ಸರಿ, ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್‌ಗೆ ಅಲ್ಲ. ಅಲ್ಲಿ ಆಪರೇಷನ್ ಹೇಗಾಯಿತು ಅನ್ನೋದೇ ಮುಖ್ಯ, ಅದು ಹೊರಗಿನವರಿಗೆ ತಿಳಿಯಲ್ಲ.

ಡೆಂಬೆಲೆ ಬಗ್ಗೆ ಈಗಲೂ ಜಗಳ ಇದೆ. 2017ರ ಸೆಪ್ಟೆಂಬರ್‌ನಲ್ಲಿ ಗೆಟಾಫೆ ವಿರುದ್ಧ ಹಿಮ್ಮಡಿಯಿಂದ ಚೆಂಡು ಉಳಿಸಲು ಹೋಗಿ ಸ್ನಾಯುರಜ್ಜು ಹರಿದುಕೊಂಡವನು, ಫಿನ್ಲೆಂಡ್‌ಗೆ ಹೋಗಿ ಆಪರೇಷನ್ ಮಾಡಿಸಿದವನು. 2023ರಲ್ಲಿ ಪಿಎಸ್‌ಜಿಗೆ ಐವತ್ತು ಮಿಲಿಯನ್ ಆಸುಪಾಸಿಗೆ ಹೋದಾಗ ನಾನು ಹಸಿರು ಬಳಿದಿದ್ದೆ, ಅರ್ಧ ಬೆಲೆ ಅನ್ನೋದೂ ಸೇರಿಸಿ. 2025ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದ, ಬ್ಯಾಲನ್ ಡಿ'ಓರ್ ತಗೊಂಡ. ಅದೇ ಸೆಪ್ಟೆಂಬರ್‌ನಲ್ಲಿ ಫ್ರಾನ್ಸ್‌ಗೆ ಆಡುವಾಗ ಮತ್ತೆ ಹ್ಯಾಮ್‌ಸ್ಟ್ರಿಂಗ್! ಗುಂಪಿನವರು ಅದನ್ನು ಸ್ಕ್ರೀನ್‌ಶಾಟ್ ಮಾಡಿ ಕಳಿಸಿದರು. ಎರಡು ಸೀಸನ್ ಆಡಿದ ಮೇಲೆ ಎಳೆದರೆ ಅದು ನನ್ನ ಲೆಕ್ಕಕ್ಕೆ ಹೊಸ ಗಾಯ, ಅವರ ಲೆಕ್ಕಕ್ಕೆ ಹಳೇ ರೋಗ. ಇದು ಇನ್ನೂ ತೀರ್ಮಾನ ಆಗಿಲ್ಲ.

ಸದ್ಯ ಶೀಟ್‌ನಲ್ಲಿ ಮೂವರು ವಿಂಗರ್‌ಗಳು ಹಳದಿಯಲ್ಲಿದ್ದಾರೆ, ಒಬ್ಬ ನಲವತ್ತು ದಿನ ದಾಟಿದ್ದಾನೆ. ಹೆಸರು ಹೇಳಲ್ಲ. ಅವನ ಮೇಲೂ ಒಂದು ಜೆರ್ಸಿ ಬೆಟ್ ನಡೀತಿದೆ.